ಕಲ್ಲು ಓದೋದಾ, ಪರಿಸರ ಓದೋದಾ? – ಈ ವಾರದ ಪ್ರಶ್ನೋತ್ತರ

ನಿರ್ವಾಹಕರು: ಪಿಯುಸಿ ಫಲಿತಾಂಶ ಬಂದಾಗಿನಿಂದ ಗುಂಪಿನಲ್ಲಿ ಸಿಇಟಿ, ನೀಟ್ ಬಿಟ್ಟರೆ ಬೇರೆ ಮಾತೇ ಇಲ್ಲ. ಈ ವಾರ ಸ್ವಲ್ಪ ಬದಲಾವಣೆ. ಇಪ್ಪತ್ತೆರಡು ವರ್ಷದಿಂದ ಅಂತರ್ಜಲ ಸಮೀಕ್ಷೆ ಮತ್ತು ಗಣಿಗಳ ಪರಿಸರ ವರದಿ, ಎರಡೂ ಕಡೆ ದುಡಿದಿರುವ ನಮ್ಮ ಗುಂಪಿನ ಭೂವಿಜ್ಞಾನಿಯೊಬ್ಬರು ಉತ್ತರ ಕೊಡ್ತಾರೆ. ಹೆಸರು ಬೇಡ ಅಂದಿದ್ದಾರೆ. ಕೇಳಿ.

ಪ್ರಶ್ನೆ (ಶಿರಾದಿಂದ ಒಬ್ಬ ತಾಯಿ): ಮಗ ಪಿಸಿಎಂಬಿ ಮುಗಿಸಿದ್ದಾನೆ. ಅವನಿಗೆ ಬಿಎಸ್ಸಿಯಲ್ಲಿ ಪರಿಸರ ವಿಜ್ಞಾನ ತಗೊಳ್ಳೋ ಆಸೆ. ಅವನ ಉಪನ್ಯಾಸಕರು ಭೂವಿಜ್ಞಾನ ತಗೋ ಅಂತಾರೆ. ಎರಡೂ ಒಂದೇ ಅಲ್ವಾ? ಯಾವುದಕ್ಕೆ ಕೆಲಸ ಸಿಗುತ್ತೆ?

ಉತ್ತರ: ಒಂದೇ ಅಲ್ಲ ತಾಯಿ. ಆದರೆ ಒಂದನ್ನು ಬಿಟ್ಟು ಇನ್ನೊಂದು ನಡೆಯೋದೂ ಇಲ್ಲ. ನಿಮ್ಮ ಕಡೆಯ ನೀರನ್ನೇ ತಗೊಳ್ಳಿ.

ಶಿರಾ, ಪಾವಗಡ ಸೀಮೆಯಲ್ಲಿ ಬೋರ್‌ವೆಲ್ ನೀರಿನ ಫ್ಲೋರೈಡ್ ಕಥೆ ನಿಮಗೆ ಗೊತ್ತೇ ಇದೆ. ಹಲ್ಲಿನ ಮೇಲೆ ಕಂದು ಪಟ್ಟೆ, ವಯಸ್ಸಾದವರಿಗೆ ಬಗ್ಗದ ಬೆನ್ನು. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಒಪ್ಪಿಗೆ, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ. ಪರಿಸರ ವಿಜ್ಞಾನ ಓದಿದವನು ಬಂದರೆ ನೀರಿನ ಮಾದರಿ ತಗೊಂಡು, ಪ್ರಯೋಗಾಲಯದಲ್ಲಿ ಅಳೆದು, 3 ಇದೆಯೋ 4 ಇದೆಯೋ ಅಂತ ಸರಿಯಾಗಿ ಹೇಳ್ತಾನೆ. ಎಷ್ಟು ಮನೆಗೆ ತೊಂದರೆ, ಯಾವ ಶುದ್ಧ ನೀರಿನ ಘಟಕ ಹಾಕಬೇಕು, ಆ ಘಟಕ ಹೊರಗೆ ಬಿಡುವ ತ್ಯಾಜ್ಯ ನೀರು ಯಾವ ಚರಂಡಿಗೆ ಹೋಗ್ತಿದೆ ಅಂತ ನೋಡ್ತಾನೆ. ಅದು ಬೇಕೇ ಬೇಕಾದ ಕೆಲಸ.

ಭೂವಿಜ್ಞಾನ ಓದಿದವನು ಬಂದರೆ ಮೊದಲು ಹೊಲದ ಮಣ್ಣು ನೋಡ್ತಾನೆ. ಉಳುವಾಗ ಮೇಲೆ ಬರುವ ಬಿಳೀ ಸುಣ್ಣದ ಹರಳು ಇರುತ್ತಲ್ಲ, ಅದನ್ನು ಕೈಗೆತ್ತಿಕೊಂಡು ಎರಡು ಹನಿ ಆಸಿಡ್ ಬಿಡ್ತಾನೆ. ಬುಸ್ ಅಂತ ನೊರೆ ಬರುತ್ತೆ. ಅಂದರೆ ನೀರಿನಲ್ಲಿದ್ದ ಕ್ಯಾಲ್ಸಿಯಂ ಮಣ್ಣಿನಲ್ಲೇ ಸುಣ್ಣವಾಗಿ ಕೂತುಬಿಟ್ಟಿದೆ. ಹೀಗೆ ಕ್ಯಾಲ್ಸಿಯಂ ಕಳೆದುಕೊಂಡ ನೀರು ಕೆಳಗಿಳಿದು ಗ್ರಾನೈಟಿನ ಬಿರುಕಿನಲ್ಲಿ ವರ್ಷಗಟ್ಟಲೆ ನಿಂತರೆ, ಆ ಕಲ್ಲಿನ ಖನಿಜಗಳಲ್ಲಿರುವ ಫ್ಲೋರೈಡ್ ಸಲೀಸಾಗಿ ಕರಗುತ್ತೆ. ಕ್ಯಾಲ್ಸಿಯಂ ಜಾಸ್ತಿ ಇದ್ದ ನೀರಿನಲ್ಲಿ ಅಷ್ಟು ಕರಗೋದಿಲ್ಲ. ಹಾಗಾಗಿ ಒಂದೇ ಊರಿನಲ್ಲಿ ಹಳೇ ತೆರೆದ ಬಾವಿ ನೀರು ಪರವಾಗಿಲ್ಲ ಅನ್ನುವಂತಿದ್ದು, ಪಕ್ಕದ 900 ಅಡಿ ಬೋರ್ ನೀರು ಕುಡಿಯೋಕೆ ಆಗದೇ ಇರಬಹುದು. ಹರಳು ನೋಡಿದರೆ ಅನುಮಾನ ಶುರುವಾಗುತ್ತೆ, ಅಳತೆ ಮಾಡಿದರೆ ಖಾತ್ರಿಯಾಗುತ್ತೆ. ಮಗನಿಗೆ ಎರಡೂ ಬರಬೇಕು ಅನ್ನೋದು ನನ್ನ ಆಸೆ.

ಇನ್ನು ಕೆಲಸ. ಇಲ್ಲಿ ನೇರವಾಗಿ ಹೇಳಿಬಿಡ್ತೀನಿ, ಯಾಕಂದ್ರೆ ಇದನ್ನು ಮಕ್ಕಳಿಗೆ ಎಂಎಸ್ಸಿ ಮುಗಿದ ಮೇಲೆ ಯಾರೋ ಹೇಳ್ತಾರೆ. ಯುಪಿಎಸ್‌ಸಿ ನಡೆಸುವ ಕಂಬೈನ್ಡ್ ಜಿಯೋ-ಸೈಂಟಿಸ್ಟ್ ಪರೀಕ್ಷೆ ಇದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ, ಅದೇ 1851ರ ಜಿಎಸ್‌ಐ, ಮತ್ತು ಕೇಂದ್ರ ಅಂತರ್ಜಲ ಮಂಡಳಿಗೆ ಭೂವಿಜ್ಞಾನಿಗಳನ್ನು ತಗೊಳ್ಳೋದು ಈ ಪರೀಕ್ಷೆಯಿಂದ. ಭೂವಿಜ್ಞಾನಿ ಹುದ್ದೆಗೆ ಭೂವಿಜ್ಞಾನ ಅಥವಾ ಅದರದೇ ಶಾಖೆಯಲ್ಲಿ ಸ್ನಾತಕೋತ್ತರ ಪದವಿ ಬೇಕು. ಪರಿಸರ ವಿಜ್ಞಾನದ ಎಂಎಸ್ಸಿ ಇಟ್ಟುಕೊಂಡು ಅರ್ಜಿ ಹಾಕೋಕೆ ಆಗೋದಿಲ್ಲ. ಈ ಕಡೆ ಭೂವಿಜ್ಞಾನ ಓದಿದವರು ಪರಿಸರದ ಕೆಲಸಕ್ಕೆ ಬರೋದು ಮಾತ್ರ ದಿನಾ ನಡೆಯುತ್ತೆ. ನಾನೇ ಹಾಗೆ ಬಂದವನು. ಬಾಗಿಲು ಒಂದು ಕಡೆಯಿಂದ ಮಾತ್ರ ತೆಗೆಯುತ್ತೆ.

ಆದ್ದರಿಂದ ನನ್ನ ಮಾತು: ಬಿಎಸ್ಸಿಯಲ್ಲಿ ಭೂವಿಜ್ಞಾನ ಇರಲಿ, ಜೊತೆಗೆ ರಸಾಯನಶಾಸ್ತ್ರ ಇರಲಿ. ಪರಿಸರ ವಿಜ್ಞಾನವೂ ಸೇರುವ ಕಾಂಬಿನೇಷನ್ ಸಿಕ್ಕರೆ ಕಣ್ಣುಮುಚ್ಚಿ ತಗೊಳ್ಳಿ. ಮುಂದೆ ಎಂಎಸ್ಸಿಗೆ ಮೈಸೂರಿನ ಮಾನಸಗಂಗೋತ್ರಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಬೆಂಗಳೂರಿನ ಜ್ಞಾನಭಾರತಿ, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಸಾಗರ ಭೂವಿಜ್ಞಾನ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ ಇವೆ. ಐಐಟಿ ಬೇಕಾದರೆ ಅಲ್ಲಿನ ಎಂಎಸ್ಸಿ ಪ್ರವೇಶಕ್ಕಿರುವ ಜ್ಯಾಮ್ ಪರೀಕ್ಷೆಯಲ್ಲಿ ಭೂವಿಜ್ಞಾನದ ಪತ್ರಿಕೆ ಉಂಟು, ಪರಿಸರ ವಿಜ್ಞಾನದ್ದು ಇಲ್ಲ.

ಪ್ರಶ್ನೆ (ದ್ವಿತೀಯ ಪಿಯುಸಿ ವಿದ್ಯಾರ್ಥಿ, ಹಾವೇರಿ): ಸರ್, ನಂಗೆ ಗಣಿತ ಅಷ್ಟಕ್ಕಷ್ಟೆ. ಜಿಯಾಲಜಿ ಅಂದ್ರೆ ಬರೀ ಕಂಠಪಾಠ ಅಂತಾರೆ, ಹೌದಾ?

ಉತ್ತರ: ಮೊದಲ ವರ್ಷ ಹೌದು. ಖನಿಜದ ಹೆಸರು, ಗಡಸುತನ, ಹರಳಿನ ಆಕಾರ, ಯುಗಗಳ ಪಟ್ಟಿ. ನನಗೂ ಆಗ ಇದ್ಯಾಕಪ್ಪಾ ಅನ್ನಿಸಿತ್ತು. ಎರಡನೇ ವರ್ಷ ಕಲ್ಲಿನ ತೆಳು ಹಲ್ಲೆಯನ್ನು ಸೂಕ್ಷ್ಮದರ್ಶಕದಲ್ಲಿ ಇಡ್ತಾರೆ. ಕಲ್ಲನ್ನು 0.03 ಮಿಲಿಮೀಟರ್ ದಪ್ಪಕ್ಕೆ ಉಜ್ಜಿದರೆ ಅದರೊಳಗೆ ಬೆಳಕು ಹಾಯುತ್ತೆ. ಬೆಳಕು ಸೋಸುವ ಎರಡು ಪೋಲರಾಯ್ಡ್ ನಡುವೆ ಇಟ್ಟು, ಸೂಕ್ಷ್ಮದರ್ಶಕದಲ್ಲಿ ಹಲ್ಲೆ ಇಡುವ ತಟ್ಟೆಯನ್ನು ತಿರುಗಿಸಿದರೆ, ರಸ್ತೆಬದಿ ಬಿದ್ದಿದ್ದ ಕರಿಕಲ್ಲಿನ ಚೂರು ಇಳಕಲ್ ಸೀರೆ ಸೆರಗಿನ ಹಾಗೆ ಬಣ್ಣ ಬದಲಿಸುತ್ತೆ. ಬೆಣಚು, ಅಂದರೆ ಕ್ವಾರ್ಟ್ಜ್, ಮಾತ್ರ ಬೂದು, ಬಿಳಿ ಬಿಟ್ಟು ಮೇಲೇಳೋದಿಲ್ಲ, ಅದರಿಂದಲೇ ಅದರ ಗುರುತು ಹಿಡೀಬೇಕು. ಅಲ್ಲಿಂದ ಕಂಠಪಾಠದ ಕಾಟ ತಪ್ಪುತ್ತೆ.

ಗಣಿತ ಪೂರ್ತಿ ಬಿಟ್ಟು ಬದುಕೋಕೆ ಆಗಲ್ಲ. ಆದರೆ ಜಲವಿಜ್ಞಾನಕ್ಕೆ, ಭೂಭೌತ ಸಮೀಕ್ಷೆಗೆ ಬೇಕಾದಷ್ಟನ್ನು ಬೇಕಾದಾಗ ಕಲಿತವರು ಬಹಳ ಜನ ಇದ್ದಾರೆ. ಹೆದರಬೇಡ.

ಪ್ರಶ್ನೆ (ಚಿತ್ರದುರ್ಗ, ಬಿಎಸ್ಸಿ ಮೊದಲ ವರ್ಷ): ನಾನು ಹುಡುಗಿ. ಫೀಲ್ಡ್ ಕೆಲಸ ಹೆಣ್ಣುಮಕ್ಕಳಿಗೆ ಆಗಲ್ಲ ಅಂತ ಮನೆಯಲ್ಲಿ ತಕರಾರು. ಗಣಿಯೊಳಗೆ ಬಿಡೋದೇ ಇಲ್ವಂತೆ?

ಉತ್ತರ: ಮನೆಯವರು ಕೇಳಿದ್ದು ಹಳೇ ಸುದ್ದಿ. 1952ರ ಗಣಿ ಕಾಯ್ದೆ ಹೆಂಗಸರಿಗೆ ಭೂಮಿಯೊಳಗಿನ ಗಣಿಯಲ್ಲಿ ಕೆಲಸ ಮಾಡೋಕೆ ಬಿಡ್ತಿರಲಿಲ್ಲ, ನಿಜ. 2019ರ ಜನವರಿಯಲ್ಲಿ ಕೇಂದ್ರ ಸರ್ಕಾರ ಅದನ್ನು ಸಡಿಲಿಸಿ ತಾಂತ್ರಿಕ, ಮೇಲ್ವಿಚಾರಣೆ, ಆಡಳಿತದ ಹುದ್ದೆಗಳಲ್ಲಿರುವ ಮಹಿಳೆಯರು ಬೆಳಿಗ್ಗೆ 6ರಿಂದ ಸಂಜೆ 7ರ ತನಕ ಕೆಳಗಿಳಿಯಬಹುದು ಅಂತ ಅಧಿಸೂಚನೆ ಹೊರಡಿಸಿತು. ಭೂವಿಜ್ಞಾನಿಯದು ತಾಂತ್ರಿಕ ಕೆಲಸವೇ.

ಫೀಲ್ಡಿನ ನಿಜವಾದ ಕಷ್ಟ ಯಾರೂ ಬರೆಯೋದಿಲ್ಲ, ನಾನು ಹೇಳ್ತೀನಿ: ಶೌಚಾಲಯ. ಇಡೀ ದಿನ ಬಯಲಲ್ಲಿ ಇರ್ತೀರಿ, ಅದಕ್ಕೆ ಹೆದರಿ ಹುಡುಗಿಯರು ನೀರು ಕುಡಿಯೋದೇ ಬಿಡ್ತಾರೆ, ಮಧ್ಯಾಹ್ನ ತಲೆಸುತ್ತು ಬಂದು ಕೂತ್ಕೋತಾರೆ. ಹಾಗೆ ಮಾಡಬೇಡಿ. ಹೋಗುವ ದಾರಿಯಲ್ಲಿ ಶಾಲೆ, ಪಂಚಾಯಿತಿ ಕಟ್ಟಡ ಎಲ್ಲಿದೆ ಅಂತ ಟೋಪೋಶೀಟ್ (ಊರು, ಗುಡ್ಡ, ಹಳ್ಳ ತೋರಿಸುವ ನಕ್ಷೆ) ಮೇಲೆ ಮೊದಲೇ ಗುರುತು ಹಾಕಿಕೊಳ್ಳೋದನ್ನು ನನಗೆ ಕಲಿಸಿದ್ದು ನನ್ನ ತಂಡದ ಹಿರಿಯ ಸಹೋದ್ಯೋಗಿ, ಹೆಂಗಸು. ಈಗ ಗಂಡಸರ ತಂಡ ಹೋದರೂ ಹಾಗೇ ಮಾಡ್ತೀವಿ.

ಅಂದಹಾಗೆ ನೀವಿರೋದು ಚಿತ್ರದುರ್ಗ! ಹತ್ತಿರದ ಮರಡಿಹಳ್ಳಿಯಲ್ಲಿ ದಿಂಬಿನಾಕಾರದ ಲಾವಾ ಇದೆ. ನೀರಿನೊಳಗೆ ಉಕ್ಕಿದ ಲಾವಾ ತಟ್ಟನೆ ತಣ್ಣಗಾಗಿ ದಿಂಬು ದಿಂಬಾಗಿ ಗಟ್ಟಿಯಾಗಿದ್ದು. ಅಂದರೆ ಒಂದು ಕಾಲಕ್ಕೆ ಅಲ್ಲಿ ನೀರು ನಿಂತಿತ್ತು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅದು. ತಕರಾರು ಮಾಡುವ ಮನೆಯವರನ್ನೇ ಒಂದು ಭಾನುವಾರ ಕರ್ಕೊಂಡು ಹೋಗಿ.

ಪ್ರಶ್ನೆ (ಮಧುಗಿರಿ ಕಡೆ ರೈತರು): ಇಷ್ಟೆಲ್ಲಾ ಓದ್ತೀರಿ. ನಮ್ಮೂರಲ್ಲಿ ತೆಂಗಿನಕಾಯಿ ಹಿಡಿದು ಪಾಯಿಂಟ್ ತೋರಿಸೋರು ನಿಮಗಿಂತ ಚೆನ್ನಾಗಿ ನೀರು ತೋರಿಸ್ತಾರಲ್ಲ ಸ್ವಾಮಿ?

ಉತ್ತರ: ಈ ಪ್ರಶ್ನೆ ಬರದೇ ಇದ್ದರೆ ನನಗೇ ಬೇಜಾರಾಗ್ತಿತ್ತು.

ಮೊದಲು ನನ್ನ ತಪ್ಪು ಒಪ್ಕೋತೀನಿ. ಕೆಲಸಕ್ಕೆ ಸೇರಿದ ವರ್ಷ ನಾನು ಸ್ವತಂತ್ರವಾಗಿ ಕೊಟ್ಟ ಮೊದಲ ಪಾಯಿಂಟ್ 480 ಅಡಿ ತನಕ ಬರೀ ದೂಳು. ರಿಗ್ಗಿನ ಪೈಪಿಂದ ಬೂದು ಹಿಟ್ಟು ಹಾರ್ತಾನೇ ಇತ್ತು, ಯಜಮಾನರು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು ನನಗೆ ಕಾಫಿ ತರಿಸಿದರು. ಬೈದಿದ್ದರೆ ವಾಸಿಯಿತ್ತು. ರೀಡಿಂಗ್ ತಪ್ಪಿರಲಿಲ್ಲ, ಅದನ್ನು ಅರ್ಥ ಮಾಡಿಕೊಂಡಿದ್ದು ತಪ್ಪು. ಮೇಲಿನ ಜೇಡಿಮಣ್ಣಿನ ಪದರ ಕರೆಂಟನ್ನು ಚೆನ್ನಾಗಿ ಹರಿಸುತ್ತೆ, ನಾನು ಅದನ್ನೇ ನೀರು ಅಂದುಕೊಂಡೆ.

ನಾವು ಮಾಡೋದು ಇಷ್ಟೆ: ನಾಲ್ಕು ಸರಳು ನೆಟ್ಟು, ಹೊರಗಿನ ಎರಡರಿಂದ ನೆಲಕ್ಕೆ ಕರೆಂಟು ಬಿಟ್ಟು, ಒಳಗಿನ ಎರಡರಲ್ಲಿ ವೋಲ್ಟೇಜ್ ಅಳೀತೀವಿ. ಹೊರಗಿನ ಸರಳುಗಳನ್ನು ದೂರ ದೂರ ಸರಿಸಿದಷ್ಟೂ ಆಳದ ಸುಳಿವು ಸಿಗುತ್ತೆ. ಬಿರುಕಿಲ್ಲದ ಗಟ್ಟಿ ಗ್ರಾನೈಟ್ ಕರೆಂಟಿಗೆ ಬಹಳ ತಡೆ ಒಡ್ಡುತ್ತೆ, ನೀರು ತುಂಬಿದ ಶಿಥಿಲ ಕಲ್ಲು ಕಡಿಮೆ. ನೀರು ಇದ್ದೇ ಇದೆ ಅಂತ ಯಂತ್ರ ಹೇಳೋದಿಲ್ಲ. ಇಲ್ಲಿಗಿಂತ ಅಲ್ಲಿ ಮೇಲು ಅಂತ ಹೇಳುತ್ತೆ.

ಕಾಯಿ ಹಿಡಿಯೋರಲ್ಲಿ ಕೆಲವರು ಹುತ್ತ, ಅತ್ತಿಮರ, ಹಳ್ಳದ ಓಟ, ಬಂಡೆಯ ಸೀಳು ನೋಡ್ಕೊಂಡೇ ಹೆಜ್ಜೆ ಇಡ್ತಾರೆ. ಅದು ಅನುಭವ, ಅದಕ್ಕೆ ಮರ್ಯಾದೆ ಕೊಡ್ತೀನಿ. ಕಾಯಿಗೆ ಕೊಡೋದಿಲ್ಲ. ಒಂದು ಕೆಲಸ ಮಾಡಿ: ನಿಮ್ಮೂರಲ್ಲಿ ಹತ್ತು ವರ್ಷದಲ್ಲಿ ಕೊರೆದ ಎಲ್ಲಾ ಬೋರ್‌ಗಳನ್ನೂ ಬರೆದಿಡಿ, ಯಾರು ತೋರಿಸಿದ್ದು, ಎಷ್ಟು ಅಡಿ, ನೀರು ಬಂತಾ, ಎಷ್ಟು ವರ್ಷ ಬಂತು. ಒಣಗಿದ್ದನ್ನೂ ಬರೀರಿ. ಆಮೇಲೆ ಮಾತಾಡೋಣ. ಆ ಪಟ್ಟಿ ನನಗೂ ಒಂದು ಪ್ರತಿ ಕಳಿಸಿ, ನಿಜವಾಗಲೂ ಬೇಕು.

ಪ್ರಶ್ನೆ (ಬಿಎಸ್ಸಿ ಪರಿಸರ ವಿಜ್ಞಾನ ಮುಗಿಸಿದವರು): ಹಾಗಾದ್ರೆ ನಾವು ತಪ್ಪು ಮಾಡಿದ್ವಾ?

ಉತ್ತರ: ಅಯ್ಯೋ, ಇಲ್ಲ. ಮೇಲೆ ಹೇಳಿದ್ದು ಇನ್ನೂ ಸೇರದವರಿಗೆ. ನಿಮಗೆ ಪ್ರಯೋಗಾಲಯ, ಮಾಲಿನ್ಯ ನಿಯಂತ್ರಣ, ಕೈಗಾರಿಕೆಗಳ ಪರಿಸರ ವಿಭಾಗ, ಪರಿಸರ ಪರಿಣಾಮ ಅಧ್ಯಯನ ಎಲ್ಲಾ ಇದೆ. ಈ ಅಧ್ಯಯನ ಅಂದರೆ 2006ರ ಅಧಿಸೂಚನೆಯ ಪ್ರಕಾರ ಗಣಿ, ಅಣೆಕಟ್ಟು, ಕಾರ್ಖಾನೆಗಳಿಗೆ ಮಾಡುವುದು. ಸಾಮಾನ್ಯವಾಗಿ ಮಳೆಗಾಲ ಬಿಟ್ಟು ಒಂದು ಋತು, ಸುತ್ತ 10 ಕಿಲೋಮೀಟರು ಗಾಳಿ, ನೀರು, ಮಣ್ಣು, ಸದ್ದು, ಜೀವಜಾಲ ಅಳೆಯಬೇಕು. ಶಾಲೆಯ ತಾರಸಿ ಮೇಲೆ ಗಾಳಿ ಹೀರುವ ಯಂತ್ರ ಇಟ್ಟು, ಕರೆಂಟು ಹೋದಾಗ ಹೆಡ್‌ಮಾಸ್ಟರಿಗೆ ಫೋನ್ ಮಾಡೋ ಕೆಲಸ ಅದು. ವರದಿ ಯಾರ ದುಡ್ಡಿನಲ್ಲಿ ಬರೆಯುತ್ತಾರೆ ಅನ್ನೋ ಮುಜುಗರವೂ ಅಲ್ಲಿದೆ: ಯೋಜನೆಯ ಮಾಲೀಕರೇ ಸಲಹೆಗಾರರಿಗೆ ಕೊಡೋದು. ಅಳತೆಯಲ್ಲಿ ಬಂದಿದ್ದನ್ನೇ ಬರೆಯುವ ಧೈರ್ಯ ಇದ್ದರೆ ಬನ್ನಿ. ಎಂಎಸ್ಸಿ ಮಾಡಿಕೊಳ್ಳಿ, ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ಜಿಐಎಸ್ ಕಲಿಯಿರಿ. ಗೇಟ್‌ನಲ್ಲಿ 2021ರಿಂದ ಪರಿಸರ ವಿಜ್ಞಾನ ಮತ್ತು ಎಂಜಿನಿಯರಿಂಗ್ ಪತ್ರಿಕೆ ಬಂದಿದೆ, ಯುಜಿಸಿ ನೆಟ್‌ನಲ್ಲೂ ವಿಷಯ ಇದೆ. ಸರ್ಕಾರಿ ಹುದ್ದೆಗೆ ಅರ್ಜಿ ಹಾಕುವ ಮುನ್ನ ಅಧಿಸೂಚನೆಯಲ್ಲಿ ವಿದ್ಯಾರ್ಹತೆಯ ಸಾಲು ಎರಡು ಸಲ ಓದಿ, ಎಷ್ಟೋ ಪರಿಸರದ ಹುದ್ದೆಗೆ ಕೇಳೋದು ಬಿಇ.

ಪ್ರಶ್ನೆ (ಪುತ್ತೂರು): ನಮ್ಮಲ್ಲಿ ಪ್ರತಿ ಮಳೆಗಾಲ ಗುಡ್ಡ ಜರಿಯುತ್ತದೆ. ಇದರ ಬಗ್ಗೆ ಕಲಿಯಬೇಕಿದ್ದರೆ ಯಾವುದು ಓದಬೇಕು?

ಉತ್ತರ: ಭೂವಿಜ್ಞಾನ, ಅದರಲ್ಲೂ ಎಂಜಿನಿಯರಿಂಗ್ ಭೂವಿಜ್ಞಾನ. ನಿಮಗೆ ಅರ್ಧ ಪಾಠ ಮನೆಯಲ್ಲೇ ಆಗಿದೆ. ಮೇಲೆ ಮುರಕಲ್ಲು, ಅದರ ಕೆಳಗೆ ಶೇಡಿ ಮಣ್ಣು (ನುಣುಪಾದ ಜೇಡಿ), ಅದರಡಿ ಗಟ್ಟಿ ಬಂಡೆ. ಮುರಕಲ್ಲು ತೂತು ತೂತು, ನೀರನ್ನು ಒಳಗೆ ಬಿಡುತ್ತೆ. ಶೇಡಿ ಸುಲಭಕ್ಕೆ ಬಿಡೋದಿಲ್ಲ. ನಿಮ್ಮ ಹಿರಿಯರು ಗುಡ್ಡಕ್ಕೆ ಅಡ್ಡಲಾಗಿ ಸುರಂಗ ಕೊರೆದು ನೀರು ತಂದಿದ್ದು ಇದೇ ಗುಟ್ಟು ಬಳಸಿ. ಅದೇ ಶೇಡಿ ಒಣಗಿದ್ದಾಗ ಗೋಡೆ ಹಾಗೆ ನಿಲ್ಲುತ್ತೆ, ನೆನೆದರೆ ಬಲ ಕಳೆದುಕೊಂಡು ಜಾರುತ್ತೆ. ಬೇಸಿಗೆಯಲ್ಲಿ ಜೆಸಿಬಿ ತಂದು ರಸ್ತೆಗೋ ಮನೆಗೋ ಗುಡ್ಡವನ್ನು ನೆಟ್ಟಗೆ ಕತ್ತರಿಸಿ, ‘ನೋಡಿ ಎಷ್ಟು ಗಟ್ಟಿ’ ಅಂತಾರೆ. ಆಟಿ ತಿಂಗಳ ಜಡಿಮಳೆಯಲ್ಲಿ ಗೊತ್ತಾಗುತ್ತೆ.

ಪ್ರಶ್ನೆ (ಆಸ್ಟ್ರೇಲಿಯಾದ ಪರ್ತ್‌ನಿಂದ): ಇಲ್ಲಿ ಗಣಿ ಕಂಪನಿಗಳಲ್ಲಿ ಭೂವಿಜ್ಞಾನಿಗಳಿಗೆ ಬೇಡಿಕೆ ಇದೆ. ಊರಿನ ತಮ್ಮಂದಿರಿಗೆ ಹೇಳಬಹುದಾ?

ಉತ್ತರ: ಧಾರಾಳವಾಗಿ ಹೇಳಿ. ನೀವಿರುವ ಕಡೆಯ ಯಿಲ್ಗಾರ್ನ್ ಶಿಲಾಪ್ರದೇಶಕ್ಕೂ ನಮ್ಮ ಧಾರವಾಡ ಶಿಲಾಪ್ರದೇಶಕ್ಕೂ ಬಹಳ ಹೋಲಿಕೆ, ಎರಡರಲ್ಲೂ ಆರ್ಕಿಯನ್ ಅನ್ನುವ ಬಹಳ ಹಳೇ ಕಾಲದ ಹಸಿರುಶಿಲೆ ಪಟ್ಟಿಗಳು, ಎರಡರಲ್ಲೂ ಚಿನ್ನ. ಹಟ್ಟಿಯಲ್ಲೋ ಕೋಲಾರದ ಪಟ್ಟಿಯಲ್ಲೋ ಕಲ್ಲು ಕಲಿತವನಿಗೆ ನಿಮ್ಮ ಕಡೆಯ ಚಿನ್ನದ ಗಣಿಯೂರು ಕಾಲ್ಗೂರ್ಲಿ ಹೊಸದು ಅನ್ನಿಸೋದಿಲ್ಲ. ಕೆಜಿಎಫ್ 2001ರಲ್ಲಿ ಮುಚ್ಚಿತು ಅಂತ ಆ ವಿದ್ಯೆ ಮುಚ್ಚಿಲ್ಲ.

ಶಿರಾದ ತಾಯಿ ಮತ್ತೆ: ಮಗನಿಗೆ ಓದಿ ಹೇಳಿದೆ ಸರ್. ಹಿತ್ತಲಿಂದ ಒಂದು ಕಲ್ಲು ತಂದಿದ್ದಾನೆ, ಮಿಂಚುತ್ತೆ, ಚಿನ್ನ ಇರಬಹುದಾ ಅಂತಾನೆ. ಫೋಟೋ ಹಾಕಿದ್ದೀನಿ.

ಉತ್ತರ: ಕಾಗೆಬಂಗಾರ ಇರಬೇಕು, ಅಭ್ರಕ. ಉಗುರಿನಿಂದ ಕೆರೆದರೆ ಹಾಳೆ ಹಾಳೆಯಾಗಿ ಏಳುತ್ತಾ ನೋಡಲಿ. ಫೋಟೋದಲ್ಲಿ ಕಾಣ್ತಿರೋದು ಬಿಸಿಲು ಮಳೆಗೆ ಸವೆದ ಹಳೇ ಮುಖ, ಅದರಲ್ಲಿ ಏನೂ ಹೇಳೋಕಾಗಲ್ಲ. ಕಣ್ಣಿಗೆ ಕನ್ನಡಕ ಹಾಕ್ಕೊಂಡು ಸುತ್ತಿಗೆಯಿಂದ ಒಡೆದು, ಒಳಗಿನ ಹೊಸ ಮುಖದ ಫೋಟೋ ಹಾಕೋಕೆ ಹೇಳಿ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಡಲಿ, ಅಳತೆ ಗೊತ್ತಾಗಬೇಕಲ್ಲ.