ಪದಚರ್ಚೆ: ‘ಓಪನ್ ಸೋರ್ಸ್ ಸಾಫ್ಟ್‌ವೇರ್’ಗೆ ಬೋರ್ಡಿನ ಮೇಲೆ ಏನು ಬರೆಸಲಿ? (ಸ್ವಲ್ಪ ಅರ್ಜೆಂಟು)

ತಿಪಟೂರಿನಿಂದ:

ಪದಚರ್ಚೆ ಗುಂಪಿನ ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕಿತ್ತು, ಇವತ್ತು ರಾತ್ರಿಯೊಳಗೆ. ನಮ್ಮ ಹೈಸ್ಕೂಲಿನ ಕಂಪ್ಯೂಟರ್ ರೂಮಿಗೆ ಬೋರ್ಡು ಬರೆಸುತ್ತಿದ್ದೇವೆ. ಅಲ್ಲಿ ಇಟ್ಟಿರುವುದು ಓಪನ್ ಸೋರ್ಸ್, ಅಂದರೆ ಒಳಗಿನ ಕೋಡನ್ನು (ಸೋರ್ಸ್) ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ಸಾಫ್ಟ್‌ವೇರ್. ಪೇಂಟರ್ ನಾಳೆ ಬೆಳಿಗ್ಗೆ ಹತ್ತಕ್ಕೆ ಬರುತ್ತಾರೆ. ಹಳೇ ಕಂಪ್ಯೂಟರುಗಳಿಗೆಲ್ಲ ಉಬುಂಟು ಅನ್ನುವ ಆಪರೇಟಿಂಗ್ ಸಿಸ್ಟಮ್ ಹಾಕಿದ್ದೇವೆ. ಬರೆಯುವುದಕ್ಕೆ ಲಿಬ್ರೆಆಫೀಸ್, ಚಿತ್ರಕ್ಕೆ ಗಿಂಪ್, ಗಣಿತಕ್ಕೆ ಜಿಯೋಜಿಬ್ರಾ ಎಲ್ಲ ಇದೆ. ಹೆಡ್ ಮಾಸ್ಟರು ‘ಉಚಿತ ತಂತ್ರಾಂಶ ಪ್ರಯೋಗಾಲಯ’ ಅಂತ ಚೀಟಿ ಬರೆದು ಕೊಟ್ಟರು. ಕಂಪ್ಯೂಟರ್ ಮೇಷ್ಟ್ರು ‘ಆಕರಮುಕ್ತ ತಂತ್ರಾಂಶ’ ಅನ್ನಬೇಕು ಅಂತಾರೆ. ನನಗೆ ಎರಡೂ ಯಾಕೋ ಸರಿ ಅನ್ನಿಸುತ್ತಿಲ್ಲ, ಆದರೆ ಯಾಕೆ ಅಂತ ಹೇಳಲು ಗೊತ್ತಾಗುತ್ತಿಲ್ಲ. ಬೋರ್ಡು ನಾಲ್ಕು ಅಡಿ ಅಗಲ ಅಷ್ಟೇ. ಉದ್ದದ ಪದ ಹಿಡಿಸುವುದಿಲ್ಲ.

ಧಾರವಾಡದಿಂದ:

ಉಚಿತ ಬೇಡ. ಉಚಿತ ಅಂದರೆ ತಕ್ಕದ್ದು, ಯೋಗ್ಯವಾದದ್ದು. ಸಮಯೋಚಿತ, ಅನುಚಿತ ಅನ್ನುವಾಗ ಇವತ್ತಿಗೂ ಅದೇ ಅರ್ಥ. ದುಡ್ಡಿಲ್ಲದೆ ಸಿಗುವುದು ಅನ್ನುವ ಅರ್ಥ ನಾವು ಅಂಟಿಸಿಕೊಂಡದ್ದು. ‘ಮುಕ್ತ ಮೂಲ ತಂತ್ರಾಂಶ’ ಅಂತ ಬರೆಸಿ, ಮುಗಿಯಿತು. ಸೋರ್ಸ್ ಅಂದರೆ ಮೂಲ. ಇದರಲ್ಲಿ ಚರ್ಚೆ ಮಾಡುವುದೇನೂ ಇಲ್ಲ.

ಬೆಂಗಳೂರಿನಿಂದ:

ಸಾರ್, ಶಾಲೆ ಬಾಗಿಲಿಗೆ ‘ಮೂಲ’ ಬೇಡ. ನಮ್ಮೂರ ಬಸ್ ಸ್ಟ್ಯಾಂಡ್ ಕಾಂಪೌಂಡಿನ ಮೇಲೆ ‘ಮೂಲವ್ಯಾಧಿ, ಭಗಂದರ, ಆಪರೇಷನ್ ಇಲ್ಲದೆ’ ಅಂತ ದಪ್ಪಕ್ಷರದಲ್ಲಿ ಓದಿಕೊಂಡೇ ಬೆಳೆದವರು ನಾವು. ಅದರಲ್ಲೂ ಆ ಮೇಷ್ಟ್ರು ಪದ ತಿರುಗಿಸಿ ‘ಮೂಲಮುಕ್ತ’ ಅಂದುಬಿಟ್ಟರೆ ಮಕ್ಕಳು ವರ್ಷವೆಲ್ಲ ನಗುತ್ತಾರೆ.

ಆಫೀಸಿನಲ್ಲಿ ನಾವು ಹೇಳುವುದು ‘ಓಪನ್ ಸೋರ್ಸ್’. ಕನ್ನಡದಲ್ಲಿ ಮಾತಾಡುವಾಗಲೂ ಅದೇ. ಹಾಗೇ ಬರೆಸಿ.

ಶಿವಮೊಗ್ಗದಿಂದ:

ಹಾಗೇ ಬರೆಸುವುದಾದರೆ ಈ ಗುಂಪು ಯಾಕೆ ಬೇಕು?

‘ತೆರೆಸೆಲೆ ಮೆದುಸರಕು’. ಸೆಲೆ ಅಂದರೆ ನೀರು ಉಕ್ಕುವ ಜಾಗ, ಸೋರ್ಸ್ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಅಚ್ಚಗನ್ನಡ ಪದ ಎಲ್ಲಿದೆ? ‘ತೆರೆ’ ಬಗ್ಗೆ ಒಂದು ಮಾತು. ಹಳಗನ್ನಡದಲ್ಲಿ ಇದು ಶಕಟರೇಫದ, ಅಂದರೆ ಹಳೇ ಱ ಅಕ್ಷರದ, ತೆಱೆ. ಅಲೆ, ಪರದೆ ಅನ್ನುವ ತೆರೆ ಬೇರೆ, ಅದು ಬರೀ ರೇಫ, ಅಂದರೆ ಮಾಮೂಲಿ ರ. ತಮಿಳಿನ ತಿಱ, ತಿರೈ ಹೋಲಿಸಿ ನೋಡಿ. ಕಪ್ಪ ಕೊಡುವ ತೆಱುವಿಗೂ ಶಕಟರೇಫವೇ, ತೆರಿಗೆ ಬಂದಿದ್ದು ಅಲ್ಲಿಂದ. ಱ ಬಿಟ್ಟುಕೊಟ್ಟ ಮೇಲೆ ಎಲ್ಲ ಕಲಸುಮೇಲೋಗರ ಆಗಿದೆ.

ಇನ್ನು ಉಚಿತ ಬೇಡ ಅಂದರೆ ‘ಬಿಟ್ಟಿ’ ಇದೆ. ‘ಬಿಡು’ ಧಾತುವಿನಿಂದ ಬಂದ ನಮ್ಮದೇ ಪದ.

ಧಾರವಾಡದಿಂದ:

ಬಿಟ್ಟಿ ನಿಮ್ಮದಲ್ಲ. ಅದು ‘ವಿಷ್ಟಿ’ಯ ತದ್ಭವ. ಕೂಲಿ ಕೊಡದೆ ದುಡಿಸಿಕೊಳ್ಳುವುದು. ಬಿಟ್ಟಿ ಬೇಗಾರಿ ಅನ್ನುವುದು ಕೇಳಿಲ್ಲವೇ? ಕಿಟೆಲ್ ಕೋಶ ತೆರೆದು ನೋಡಿ. ತೆಱೆದಾದರೂ ನೋಡಿ.

ಬೆಂಗಳೂರಿನಿಂದ:

ಸುಮ್ನೆ ಹೇಳ್ತೀನಿ, ಓಪನ್ ಸೋರ್ಸ್ ಪ್ರಾಜೆಕ್ಟ್ ನೋಡಿಕೊಳ್ಳುವವರ ಪಾಡು ನೋಡಿದರೆ ವಿಷ್ಟಿಯೇ ಸರಿಯಾದ ಪದ ಅನ್ನಿಸುತ್ತೆ. ರಾತ್ರಿ ಹನ್ನೊಂದಕ್ಕೆ ಯಾವುದೋ ದೊಡ್ಡ ಕಂಪನಿಯವನು ಬಗ್ ರಿಪೋರ್ಟ್ ಹಾಕಿ ‘ಬೇಗ ಸರಿಮಾಡಿ’ ಅಂತಾನೆ. ಕೊಡುವ ಕೂಲಿ ಸೊನ್ನೆ.

ಮಂಗಳೂರಿನಿಂದ:

ತಿಪಟೂರಿನ ಮೇಡಂ, ನಾನು ಈ ವಿಷಯದ ಕೈಪಿಡಿಗಳನ್ನು ಅನುವಾದ ಮಾಡಿ ಕೈ ಸುಟ್ಟುಕೊಂಡವಳು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ಆ ‘ಆಕರಮುಕ್ತ’. ನಿಮಗೆ ಯಾಕೆ ಸರಿ ಅನ್ನಿಸಲಿಲ್ಲ ಗೊತ್ತಾ? ಮುಕ್ತ ಅನ್ನುವುದು ನಾಮಪದ ಆದ ಮೇಲೆ ಬಂದರೆ ಒಂದು ಅರ್ಥ, ಅದಕ್ಕೆ ಮೊದಲು ಬಂದರೆ ಇನ್ನೊಂದು. ಪ್ಲಾಸ್ಟಿಕ್ ಮುಕ್ತ, ತಂಬಾಕು ಮುಕ್ತ, ಕ್ಷಯಮುಕ್ತ. ಅಂದರೆ ಅದು ಇಲ್ಲದ್ದು, ಅದರಿಂದ ತಪ್ಪಿಸಿಕೊಂಡದ್ದು. ಮುಕ್ತ ಮಾರುಕಟ್ಟೆ, ಮುಕ್ತ ವಿಶ್ವವಿದ್ಯಾನಿಲಯ. ಅಂದರೆ ಬಾಗಿಲು ತೆರೆದದ್ದು. ಹಾಗಾಗಿ ಆಕರಮುಕ್ತ ತಂತ್ರಾಂಶ ಅಂದರೆ ಸೋರ್ಸ್ ಇಲ್ಲದ ತಂತ್ರಾಂಶ. ಬೋರ್ಡು ಸರಿಯಾಗಿ ಉಲ್ಟಾ ಹೇಳುತ್ತೆ! ಇನ್ನು ಆಕರದ ಹಳೇ ಅರ್ಥ ಗಣಿ, ರತ್ನಾಕರ ಅನ್ನುವಾಗ ಇರುವುದು ಅದೇ. ‘ತೆರೆದ ಆಕರ’ ಅಂದಾಗ ಬಳ್ಳಾರಿ ಕಡೆಯವರಿಗೆ ಅದಿರಿನ ಲಾರಿ ನೆನಪಾದರೆ ಅವರ ತಪ್ಪಲ್ಲ.

ಆದರೆ ನನ್ನ ತಕರಾರು ಇದಕ್ಕಿಂತ ಹಿಂದಿನದು. ಎಲ್ಲರೂ ಓಪನ್‌ಗೆ ಒಂದು ಪದ, ಸೋರ್ಸ್‌ಗೆ ಒಂದು ಪದ ಹುಡುಕಿ ಹೊಲಿಯುತ್ತಿದ್ದೀರಿ. ಆ ಹೆಸರು ಇಂಗ್ಲಿಷಿನಲ್ಲೇ ಅರ್ಥ ಸರಿಯಾಗಿ ಹೇಳುವುದಿಲ್ಲ. ಅಮೆರಿಕದ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಎಲ್ಲರೂ ಹಂಚಿಕೊಳ್ಳಬಹುದಾದ ಆಪರೇಟಿಂಗ್ ಸಿಸ್ಟಮ್ ಕಟ್ಟುವ ಗ್ನೂ ಯೋಜನೆ ಶುರುಮಾಡಿದಾಗ ಹೇಳಿದ್ದು ‘ಫ್ರೀ ಸಾಫ್ಟ್‌ವೇರ್’. ಬಳಸುವ, ಓದಿ ತಿದ್ದುವ, ಹಂಚುವ, ತಿದ್ದಿದ್ದನ್ನೂ ಹಂಚುವ ಹಕ್ಕು. ದುಡ್ಡಿನ ಮಾತೇ ಅಲ್ಲ, ಮಾರಿದರೂ ಅಡ್ಡಿ ಇಲ್ಲ. ಆದರೆ ಇಂಗ್ಲಿಷಿನ ಫ್ರೀ ಕೇಳಿದವರಿಗೆಲ್ಲ ಪುಕ್ಕಟೆ ಅಂತಲೇ ಕೇಳಿಸಿತು. ಆಮೇಲೆ 1998ರ ಜನವರಿಯಲ್ಲಿ ನೆಟ್‌ಸ್ಕೇಪ್ ತನ್ನ ಬ್ರೌಸರಿನ ಸೋರ್ಸ್ ಬಿಟ್ಟುಕೊಡುತ್ತೇವೆ ಅಂದಾಗ, ಕಂಪನಿಗಳು ಹೆದರದ ಒಂದು ಹೆಸರು ಬೇಕು ಅಂತ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೋದಲ್ಲಿ ಕೆಲವರು ಕೂತರು. ಕ್ರಿಸ್ಟೀನ್ ಪೀಟರ್ಸನ್ ಅಲ್ಲಿ ಕೊಟ್ಟ ಹೆಸರು ‘ಓಪನ್ ಸೋರ್ಸ್’. ಅದೇ ತಿಂಗಳು ಬ್ರೂಸ್ ಪೆರೆನ್ಸ್, ಎರಿಕ್ ರೇಮಂಡ್ ಸೇರಿ ಓಪನ್ ಸೋರ್ಸ್ ಇನಿಶಿಯೇಟಿವ್ ಕಟ್ಟಿದರು. ಡೆಬಿಯನ್ ಅನ್ನುವ ಆಪರೇಟಿಂಗ್ ಸಿಸ್ಟಮ್ ಕಟ್ಟುವವರ ನಿಯಮಗಳನ್ನೇ ತಿದ್ದಿ ಹತ್ತು ಷರತ್ತಿನ ವ್ಯಾಖ್ಯೆ ಮಾಡಿದರು. ಆ ಹತ್ತನ್ನೂ ಪಾಲಿಸುವ ಲೈಸೆನ್ಸ್ ಇದ್ದರೆ ಮಾತ್ರ ಅದು ಓಪನ್ ಸೋರ್ಸ್. ಕೋಡ್ ಕಣ್ಣಿಗೆ ಕಂಡರೆ ಸಾಲದು.

ಫ್ರೀ ಹೋಯಿತು, ಹೊಸ ಗೊಂದಲ ಬಂತು. ಓಪನ್ ಅಂದರೆ ನೋಡಬಹುದು ಅಷ್ಟೇ ಅಂದುಕೊಂಡರು. ಹ್ಯಾಶಿಕಾರ್ಪ್ ಕಂಪನಿ 2023ರ ಆಗಸ್ಟಿನಲ್ಲಿ ಟೆರಾಫಾರ್ಮ್ ಅನ್ನುವ ತನ್ನ ತಂತ್ರಾಂಶದ ಲೈಸೆನ್ಸ್ ಬದಲಿಸಿತು. ಕೋಡ್ ಈಗಲೂ ಯಾರು ಬೇಕಾದರೂ ಓದಬಹುದು, ಅವರಿಗೇ ಪೈಪೋಟಿ ಕೊಡುವ ವ್ಯಾಪಾರಕ್ಕೆ ಮಾತ್ರ ಬಳಸುವ ಹಾಗಿಲ್ಲ. ಆದ್ದರಿಂದ ಅದು ಓಪನ್ ಸೋರ್ಸ್ ಅಲ್ಲ. ಹಳೇ ಕೋಡ್ ಹಿಡಿದು ಬೇರೆಯವರು ಓಪನ್‌ಟೋಫು ಅನ್ನುವ ಮುಕ್ತ ತಂತ್ರಾಂಶ ಕಟ್ಟಿಕೊಂಡರು. ಮೆಟಾ (ಫೇಸ್‌ಬುಕ್ ಕಂಪನಿ) ಅವರ ಎಐ ಮಾಡೆಲ್ ಲಾಮಾ ಇನ್ನೂ ಮಜಾ: ಓಪನ್ ಸೋರ್ಸ್ ಅಂತ ಡಂಗುರ, ಒಳಗೆ ನೋಡಿದರೆ ತಿಂಗಳಿಗೆ 70 ಕೋಟಿಗಿಂತ ಜಾಸ್ತಿ ಬಳಕೆದಾರರು ಇರುವವರು ಬೇರೆ ಪರವಾನಗಿ ಕೇಳಿಕೊಳ್ಳಬೇಕು. ಇನಿಶಿಯೇಟಿವ್‌ನವರು ಇದನ್ನು ಒಪ್ಪಲಿಲ್ಲ. ಎಐಗೆ ಅಂತಲೇ 2024ರ ಅಕ್ಟೋಬರಿನಲ್ಲಿ ಬೇರೆ ವ್ಯಾಖ್ಯೆ ಮಾಡಬೇಕಾಯಿತು.

ಅಂದಹಾಗೆ ಮೇಡಂ, ನಿಮ್ಮ ಪಟ್ಟಿಯಲ್ಲೇ ಒಂದು ಕಳ್ಳ ಕೂತಿದೆ. ಜಿಯೋಜಿಬ್ರಾ ಶಾಲೆಗೆ ಪುಕ್ಕಟೆ ಹೌದು, ಆದರೆ ಅದು ವ್ಯಾಪಾರಕ್ಕಲ್ಲದ ಬಳಕೆಗೆ ಮಾತ್ರ. ವ್ಯಾಪಾರಕ್ಕೆ ಬೇಡ ಅನ್ನುವ ಷರತ್ತು ಆ ಹತ್ತರ ಜೊತೆ ಹೊಂದುವುದಿಲ್ಲ. ಬಳಸಿ, ತೊಂದರೆ ಇಲ್ಲ. ಹಿಂದೆ ನಾವೆಲ್ಲ ‘ಬರಹ’ ಇಳಿಸಿಕೊಂಡು ಟೈಪು ಮಾಡಲಿಲ್ಲವೇ? ಅದೂ ಬಹಳ ವರ್ಷ ಪುಕ್ಕಟೆ ಇತ್ತು, ಮುಕ್ತ ಆಗಿರಲಿಲ್ಲ. ಗುಬ್ಬಿ, ನವಿಲು ಫಾಂಟ್‌ಗಳು ಹಾಗಲ್ಲ, ಅವು ಡೆಬಿಯನ್ ಒಳಗೇ ಇವೆ, ಯಾರು ಬೇಕಾದರೂ ತಿದ್ದಬಹುದು.

ಈಗ ಪದ. ಇಂಗ್ಲಿಷಿನಲ್ಲಿ ಫ್ರೀ ಎರಡು ಕಡೆ ಎಳೆಯಿತು. ನಮ್ಮಲ್ಲಿ ಆ ಕಷ್ಟ ಇಲ್ಲ, ಉಚಿತ ಬೇರೆ, ಸ್ವತಂತ್ರ ಬೇರೆ. ನಮ್ಮ ತೊಡಕು ಬೇರೆ ಕಡೆ. ‘ಮುಕ್ತ’ ಅಂದರೆ ಬಿಡುಗಡೆ ಹೊಂದಿದ್ದೂ ಹೌದು, ತೆರೆದದ್ದೂ ಹೌದು. ಅಲ್ಲಿ ಫ್ರೀ ಅಂದವರು, ಓಪನ್ ಅಂದವರು ಅಂತ ಜಗಳ ಆಡಿದ ಎರಡು ಬಣ ಇಲ್ಲಿ ಒಂದೇ ಪದದೊಳಗೆ ಕೂತಿವೆ. ಸಿದ್ಧಾಂತ ಬರೆಯುವವರಿಗೆ ಇದು ತಲೆನೋವು, ಬೋರ್ಡು ಬರೆಸುವವರಿಗೆ ಲಾಭ. ಬಣ ಬೇರೆ ಮಾಡಲೇಬೇಕಾದ ಕಡೆ ನಾನು ‘ಸ್ವತಂತ್ರ ತಂತ್ರಾಂಶ’, ‘ಓಪನ್ ಸೋರ್ಸ್’ ಅಂತ ಬೇರೆ ಬೇರೆ ಬರೆಯುತ್ತೇನೆ. ಕನ್ನಡ ವಿಕಿಪೀಡಿಯದವರು ‘ಮುಕ್ತ ಹಾಗೂ ಸ್ವತಂತ್ರ ವಿಶ್ವಕೋಶ’ ಅಂತ ಎರಡನ್ನೂ ಹಾಕಿಕೊಂಡಿದ್ದಾರೆ. ನಿಮ್ಮ ನಾಲ್ಕು ಅಡಿಗೆ ‘ಮುಕ್ತ ತಂತ್ರಾಂಶ’ ಸಾಕು. ಸೋರ್ಸ್ ಬಿಟ್ಟುಬಿಡಿ. ಅದಕ್ಕೆ ಆಕರ, ಮೂಲ, ಸೆಲೆ ಯಾವುದೂ ಬೇಡ.

ಶಿವಮೊಗ್ಗದಿಂದ:

ಇಷ್ಟೆಲ್ಲ ಬರೆದು ಕೊನೆಗೆ ಸಂಸ್ಕೃತಕ್ಕೇ ಹೋದಿರಿ. ‘ಮುಕ್ತ’ವೂ ಎರವಲು, ‘ತಂತ್ರಾಂಶ’ವೂ ಎರವಲು. ಸಾಫ್ಟ್ ಎಲ್ಲಿದೆ ಅದರಲ್ಲಿ? ತಮಿಳರು ನೋಡಿ, ಫ್ರೀ ಸಾಫ್ಟ್‌ವೇರ್‌ಗೆ ‘ಕಟ್ಟಟ್ರ ಮೆನ್‌ಪೊರುಳ್’ ಅಂತಾರೆ. ಕಟ್ಟು ಇಲ್ಲದ ಮೆದು ವಸ್ತು. ಎಷ್ಟು ಚೆನ್ನಾಗಿದೆ. ನಮಗೆ ನಾಚಿಕೆ ಆಗಬೇಕು.

ಧಾರವಾಡದಿಂದ:

ಅದೇ ತಮಿಳರು ಓಪನ್ ಸೋರ್ಸ್‌ಗೆ ‘ತಿಱಂದ ಮೂಲ’ ಅಂತಾರೆ. ಮೂಲ. ಓದಿದಿರಾ? ಬೆಂಗಳೂರಿನವರೂ ಓದಲಿ, ಅಲ್ಲಿ ಯಾರೂ ನಗುವುದಿಲ್ಲ.

ಸಂಸ್ಕೃತ ಬೇಡ ಅನ್ನುವವರು ‘ಪದ’ ಅನ್ನುವುದನ್ನೂ ಬಿಡಬೇಕು, ‘ಚರ್ಚೆ’ ಅನ್ನುವುದನ್ನೂ ಬಿಡಬೇಕು. ಆಮೇಲೆ ಈ ಗುಂಪಿನ ಹೆಸರು ಏನು ಉಳಿಯುತ್ತದೋ ನೋಡೋಣ.

ಬೆಂಗಳೂರಿನಿಂದ:

ಮಂಗಳೂರಿನ ಮೇಡಂ ಹೇಳಿದ್ದು ಸರಿ. ಆದರೆ ಒಂದು ವಿಷಯ. ಆ ರೂಮಿನಲ್ಲಿ ಕಲಿತ ಹುಡುಗ ನಾಳೆ ಕೆಲಸ ಹುಡುಕಿಕೊಂಡು ಬಂದಾಗ ಇಂಟರ್‌ವ್ಯೂನಲ್ಲಿ ಕೇಳುವುದು ಓಪನ್ ಸೋರ್ಸ್ ಗೊತ್ತಾ ಅಂತ. ಎರವಲು ಅಂದರೆ ವಾಪಸ್ ಕೊಡಬೇಕಾದ್ದು. ಬಸ್ಸು, ಪೆನ್ನು ಯಾರು ವಾಪಸ್ ಕೊಟ್ಟಿದ್ದೀರಿ?

ತಿಪಟೂರಿನಿಂದ:

ಎಲ್ಲರಿಗೂ ವಂದನೆ. ಪೇಂಟರ್ ಬಂದು ಹೋದರು. ಮೇಲಿನ ಸಾಲಿಗೆ ‘ಮುಕ್ತ ತಂತ್ರಾಂಶ ಪ್ರಯೋಗಾಲಯ’, ಕೆಳಗೆ ಸಣ್ಣದಾಗಿ ‘ಓಪನ್ ಸೋರ್ಸ್’ ಅಂತ, ಎರಡೂ ಕನ್ನಡ ಅಕ್ಷರದಲ್ಲೇ. ಹೆಡ್ ಮಾಸ್ಟರಿಗೆ ಪ್ಲಾಸ್ಟಿಕ್ ಮುಕ್ತ, ಮುಕ್ತ ಮಾರುಕಟ್ಟೆ ಎರಡನ್ನೂ ಹೇಳಿ ಅರ್ಥ ಮಾಡಿಸಿದೆ. ಕಂಪ್ಯೂಟರ್ ಮೇಷ್ಟ್ರು ಮಾತ್ರ ಇನ್ನೂ ಮುಖ ಊದಿಸಿಕೊಂಡಿದ್ದಾರೆ. ಜಿಯೋಜಿಬ್ರಾ ತೆಗೆದಿಲ್ಲ, ಗಣಿತದ ಮೇಡಂ ಬಿಡಲಿಲ್ಲ.

ಶಿವಮೊಗ್ಗದಿಂದ:

‘ಪ್ರಯೋಗಾಲಯ’ ಯಾಕೆ? ಅಲ್ಲೇನು ಆಸಿಡ್ ಇಟ್ಟಿದ್ದೀರಾ? ‘ಕಲಿಮನೆ’ ಅನ್ನಬಹುದಿತ್ತು.

ಧಾರವಾಡದಿಂದ:

ಮತ್ತೆ ಶುರುವಾಯಿತು.