ಅಂಟುವಾಳದ ನೊರೆ ಲಸಿಕೆಗೆ ಆಗುತ್ತಾ?

ಸೀಗೆಪುಡಿ
ಸರ್ಪಸುತ್ತಿನ ಲಸಿಕೆ ಶಿಂಗ್ರಿಕ್ಸ್ ಇರಲಿ, ಪುಣೆಯ ಸೀರಂ ಸಂಸ್ಥೆ ಮಾಡುವ ಆರ್21 ಮಲೇರಿಯಾ ಲಸಿಕೆ ಇರಲಿ, ಎರಡರ ಅಡ್ಜುವೆಂಟ್‌ನಲ್ಲೂ (ಲಸಿಕೆಯ ಪರಿಣಾಮ ಹೆಚ್ಚಿಸೋಕೆ ಬೆರೆಸುವ ವಸ್ತು) ಚಿಲಿಯ ಕಿಲಾಯಾ ಮರದ ತೊಗಟೆಯ ಸಪೋನಿನ್, ಅಂದರೆ ನೊರೆ ಬರಿಸುವ ವಸ್ತು, ಇದೆ. ಸಪೋನಿನ್ ನಮ್ಮ ಅಂಟುವಾಳ, ಸೀಗೆಕಾಯಲ್ಲೂ ಧಾರಾಳ. ಹಾಗಿದ್ದ ಮೇಲೆ ಅಷ್ಟು ದೂರದ ತೊಗಟೆಗೆ ಯಾಕೆ ಕಾಯಬೇಕು?

ಕಾಲಂ_ಹಿಡಿದವ
ನೊರೆ ಬರೋದು ಬೇರೆ, ರೋಗನಿರೋಧಕ ಶಕ್ತಿಯನ್ನು ಎಬ್ಬಿಸೋದು ಬೇರೆ. ಕಿಲಾಯಾ ಸಾರವನ್ನು ಎಚ್‌ಪಿಎಲ್‌ಸಿಯಲ್ಲಿ (ಮಿಶ್ರಣದ ಅಂಶಗಳನ್ನು ಬೇರ್ಪಡಿಸುವ ವಿಧಾನ) ಓಡಿಸಿದಾಗ ಸಿಕ್ಕ 21ನೇ ಪೀಕ್‌ಗೇ ಕ್ಯೂಎಸ್-21 ಅಂತ ಹೆಸರು. ಅದರ ಅಣುವಿನ ಬುಡ ಕ್ವಿಲ್ಲಾಯಿಕ್ ಆಮ್ಲ, 4ನೇ ಇಂಗಾಲಕ್ಕೆ ಒಂದು ಆಲ್ಡಿಹೈಡ್ ಗುಂಪು. ಒಂದು ಕಡೆ ಮೂರು ಸಕ್ಕರೆಯ ಕವಲು, ಇನ್ನೊಂದು ಕಡೆ ನಾಲ್ಕು ಸಕ್ಕರೆಯ ಸರಪಳಿ, ಅಲ್ಲಿನ ಫ್ಯೂಕೋಸ್‌ಗೆ ಉದ್ದನೆಯ ಕೊಬ್ಬಿನ ಬಾಲ. ಅಂಟುವಾಳದ ಬುಡ ಹೆಡೆರಾಜೆನಿನ್. ಆಲ್ಡಿಹೈಡ್ ಇರಬೇಕಾದ ಜಾಗದಲ್ಲಿ ಬರೀ ಆಲ್ಕೊಹಾಲ್ ಗುಂಪು, ಆ ಬಾಲವಂತೂ ಇಲ್ಲವೇ ಇಲ್ಲ.

ಟಿ_ಕೋಶ
ಆಲ್ಡಿಹೈಡ್ ಇಲ್ಲ ಅಂದ ಮಾತ್ರಕ್ಕೆ ಕಡತ ಮುಚ್ಚಬೇಡಿ. ರಸಾಯನ ವಿಜ್ಞಾನಿ ಡೇವಿಡ್ ಗಿನ್ ತಂಡ 2006ರಲ್ಲಿ ಕ್ಯೂಎಸ್-21 ಅನ್ನು ಪೂರ್ತಿ ರಾಸಾಯನಿಕವಾಗಿ ಕಟ್ಟಿತು. ಆಮೇಲೆ ಅದೇ ಸರಣಿಯಲ್ಲಿ ಮಾಡಿದ ಸರಳ ರೂಪಗಳಲ್ಲಿ ಆಲ್ಡಿಹೈಡ್ ಇಲ್ಲದೆಯೂ ಇಲಿಗಳಲ್ಲಿ ಅಡ್ಜುವೆಂಟ್ ಗುಣ ಉಳಿಯಿತು. ಅಂಟುವಾಳದ ಸಪೋನಿನ್ ಆಗೋದೇ ಇಲ್ಲ ಅಂತ ಕಾಗದದ ಮೇಲೆ ತೀರ್ಪು ಕೊಡೋಕೆ ಬರಲ್ಲ.

ಕಾಲಂ_ಹಿಡಿದವ
ಒಪ್ಪಿದೆ. ಬಾಲದ ಮಾತು ಮಾತ್ರ ಬಿಡಲ್ಲ. ಪಿಎಚ್ 7 ದಾಟಿದ ದ್ರಾವಣದಲ್ಲಿ ಇಟ್ಟರೆ ಬಾಲವನ್ನು ಹಿಡಿದಿರುವ ಎಸ್ಟರ್ ಕೊಂಡಿ ನಿಧಾನಕ್ಕೆ ಬಿಚ್ಚಿಕೊಳ್ಳುತ್ತೆ. ಬಾಲ ಕಳಚಿದ ಕ್ಯೂಎಸ್-21 ತನ್ನ ಕೆಲಸವನ್ನು ಬಹುಪಾಲು ಮರೆತೇ ಬಿಡುತ್ತೆ. ಪಿಎಚ್ 5.5ರ ಆಸುಪಾಸಿನಲ್ಲಿ, ತಂಪಿನಲ್ಲಿ ಇಡಬೇಕು ಅನ್ನೋದು ಅದಕ್ಕೇ.

ರಕ್ತಪರೀಕ್ಷೆ
ನನಗೆ ಅದಕ್ಕಿಂತ ದೊಡ್ಡ ತಲೆನೋವು ಹಿಮೋಲಿಸಿಸ್, ಅಂದರೆ ಕೆಂಪು ರಕ್ತಕಣ ಒಡೆಯೋದು. ಮಲೆನಾಡಲ್ಲಿ ಕಾರೆಕಾಯಿ ಜಜ್ಜಿ ಹಳ್ಳಕ್ಕೆ ಹಾಕಿ ಮೀನು ಹಿಡಿಯೋದು ಕೇಳಿರ್ತೀರಿ, ಅಲ್ಲೂ ಕೆಲಸ ಮಾಡೋದು ಸಪೋನಿನ್ನೇ. ಜೀವಕೋಶದ ಪೊರೆಯ ಕೊಲೆಸ್ಟರಾಲ್‌ಗೆ ಅಂಟಿಕೊಂಡು ತೂತು ಮಾಡುತ್ತೆ. ಶಿಂಗ್ರಿಕ್ಸ್ ಇದಕ್ಕೆ ಮಾಡಿದ ಉಪಾಯ ಚೆನ್ನಾಗಿದೆ: 0.5 ಮಿ.ಲೀ. ಡೋಸ್‌ನಲ್ಲಿ 50 ಮೈಕ್ರೋಗ್ರಾಂ ಕ್ಯೂಎಸ್-21, ಜೊತೆಗೆ 50 ಮೈಕ್ರೋಗ್ರಾಂ ಎಂಪಿಎಲ್ (ಇನ್ನೊಂದು ಪ್ರಚೋದಕ), 1 ಮಿ.ಗ್ರಾಂ ಡಿಒಪಿಸಿ (ಒಂದು ಫಾಸ್ಫೊಲಿಪಿಡ್ ಕೊಬ್ಬು), 0.25 ಮಿ.ಗ್ರಾಂ ಕೊಲೆಸ್ಟರಾಲ್. ಅಂದರೆ ಸಪೋನಿನ್‌ನ ಐದು ಪಟ್ಟು ತೂಕದ ಕೊಲೆಸ್ಟರಾಲ್ ಅಲ್ಲೇ ಲೈಪೊಸೋಮ್‌ನಲ್ಲಿ (ಕೊಬ್ಬಿನ ಸೂಕ್ಷ್ಮ ಗುಳ್ಳೆ) ಕೂತಿರುತ್ತೆ. ಸಪೋನಿನ್ ಅದನ್ನೇ ಹಿಡ್ಕೊಂಡಿರುತ್ತೆ, ಕೆಂಪು ರಕ್ತಕಣದ ತಂಟೆಗೆ ಹೋಗಲ್ಲ.

ಸೀಗೆಪುಡಿ
ಆರ್21ರಲ್ಲೂ ಇದೇ ಲೈಪೊಸೋಮ್‌ಗಳಾ?

ರಕ್ತಪರೀಕ್ಷೆ
ಅಲ್ಲ, ಅದರದ್ದು ಮ್ಯಾಟ್ರಿಕ್ಸ್-ಎಂ. ಸಪೋನಿನ್, ಕೊಲೆಸ್ಟರಾಲ್, ಫಾಸ್ಫೊಲಿಪಿಡ್ ಸೇರಿ ಸುಮಾರು 40 ನ್ಯಾನೊಮೀಟರ್‌ನ ಪಂಜರದಂಥ ಕಣ. ಕಿಲಾಯಾ ಸಾರದ ಎ ಮತ್ತು ಸಿ ಅಂತ ಎರಡು ಭಾಗದಿಂದ ಬೇರೆಬೇರೆ ಕಣ ಮಾಡಿ 85:15 ಬೆರೆಸ್ತಾರೆ. ಸಿ ಜೋರಿನದು, ಕಾಟವೂ ಅದರದ್ದೇ ಜಾಸ್ತಿ. ಎ ಸೌಮ್ಯ.

ಟಿ_ಕೋಶ
ಸೀಗೆಪುಡಿಯವರ ಪ್ರಶ್ನೆಯಲ್ಲಿ ಒಂದು ನ್ಯಾಯ ಇದೆ: ತೊಗಟೆ ಒಂದೇ ದೇಶದ ಕಾಡಿನ ಮೇಲೆ ನಿಂತಿದೆ, ಅದರ ಕಚ್ಚಾ ಸಾರ ತಂಪು ಪಾನೀಯದ ನೊರೆಗೂ ಹೋಗುತ್ತೆ. 2024ರಲ್ಲಿ ಜೈವಿಕ ಎಂಜಿನಿಯರ್ ಜೇ ಕೀಸ್ಲಿಂಗ್ ತಂಡ ಯೀಸ್ಟ್‌ನಲ್ಲೇ ಕ್ಯೂಎಸ್-21 ಮಾಡಿಸಿತು. ಇಳುವರಿ ಲೀಟರ್‌ಗೆ ಸುಮಾರು 100 ಮೈಕ್ರೋಗ್ರಾಂ, ಶಿಂಗ್ರಿಕ್ಸ್ ಲೆಕ್ಕದಲ್ಲಿ ಎರಡೇ ಡೋಸ್.

ಸೀಗೆಪುಡಿ
ಸರಿ, ಅಂಟುವಾಳವನ್ನು ಪರೀಕ್ಷಿಸೋದಾದ್ರೆ ಎಲ್ಲಿಂದ ಶುರು?

ರಕ್ತಪರೀಕ್ಷೆ
ಕುರಿ ರಕ್ತದಿಂದ. ಕೆಂಪು ಕಣಗಳನ್ನು ಪಿಬಿಎಸ್‌ನಲ್ಲಿ (ಕಣ ಒಡೆಯದ ಉಪ್ಪು ದ್ರಾವಣ) ಮೂರು ಸಲ ತೊಳೆದು ಶೇ. 2ರ ದ್ರಾವಣ ಮಾಡಿ. ಸಪೋನಿನ್ ಅನ್ನು 200 ಮೈಕ್ರೋಗ್ರಾಂ/ಮಿ.ಲೀ.ಯಿಂದ ಅರ್ಧರ್ಧ ಇಳಿಸುತ್ತಾ ಸಮಪಾಲು ಬೆರೆಸಿ, 37 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು, ಸೆಂಟ್ರಿಫ್ಯೂಜ್‌ನಲ್ಲಿ 500 ಜಿಯಲ್ಲಿ 5 ನಿಮಿಷ ತಿರುಗಿಸಿ, ಮೇಲಿನ ತಿಳಿಯನ್ನು 540 ನ್ಯಾನೊಮೀಟರ್‌ನಲ್ಲಿ ಓದಿ. ಬರೀ ಪಿಬಿಎಸ್ ಹಾಕಿದ್ದು ಶೇ. 0 ಹಿಮೋಲಿಸಿಸ್, ಡಿಸ್ಟಿಲ್ಡ್ ನೀರು ಹಾಕಿದ್ದು ಶೇ. 100. ಪ್ಲೇಟ್‌ನ ಗುಳಿಯಲ್ಲಿ ಒಂದು ಗುಳ್ಳೆ ಉಳಿದರೂ ರೀಡಿಂಗ್ ಹಾರುತ್ತೆ, ಸೂಜಿಯಿಂದ ಒಡೀರಿ. ಟ್ಯಾನಿನ್ ತೆಗೆಯದಿದ್ದರೆ ಅದು ಪ್ರೋಟೀನ್ ಹಿಡಿದು ಗಡ್ಡೆ ಕಟ್ಟಿಸುತ್ತೆ, ಹಿಮೋಲಿಸಿಸ್ ಇಲ್ಲವೆಂಬ ಸುಳ್ಳು ಸಮಾಧಾನ ಸಿಗುತ್ತೆ. ಆಮೇಲೆ ಕೊಲೆಸ್ಟರಾಲ್ ಲೈಪೊಸೋಮ್ ಸೇರಿಸಿ ಇದನ್ನೇ ಮತ್ತೆ ಮಾಡಿ, ಎರಡು ಗೆರೆಗಳ ಅಂತರ ನೋಡಿ.

ಟಿ_ಕೋಶ
ಇಲಿ ಹಂತಕ್ಕೆ ಹೋದರೆ ಹೋಲಿಕೆಗೆ ಪ್ರತಿಜನಕ (ಪ್ರತಿರೋಧ ಹುಟ್ಟಿಸುವ ಅಂಶ) ಮಾತ್ರ, ಪ್ರತಿಜನಕ ಮತ್ತು ಆಲಂ (ಅಲ್ಯೂಮಿನಿಯಂ ಲವಣದ ಅಡ್ಜುವೆಂಟ್), ಪ್ರತಿಜನಕ ಮತ್ತು ಕ್ಯೂಎಸ್-21, ಸಪೋನಿನ್ ಮಾತ್ರ, ಈ ನಾಲ್ಕು ಗುಂಪು ಬಿಡಬೇಡಿ. ಸಿ57 ಕಪ್ಪು ಇಲಿ ತಗೊಂಡ್ರೆ ಐಜಿಜಿ2ಎ ಪ್ರತಿಕಾಯ ಅಳೆಯುವ ಕಿಟ್ ಕೊಳ್ಳಬೇಡಿ, ಆ ತಳಿಯಲ್ಲಿ ಇರೋದು 2ಸಿ. ತಪ್ಪು ಕಿಟ್ ಹಾಕಿ, Th1 (ಜೀವಕೋಶ ಆಧಾರಿತ ಪ್ರತಿರೋಧ) ಬರಲೇ ಇಲ್ಲ ಅಂತ ಬರೆದುಬಿಡೋ ಅಪಾಯ ಇದೆ.

ಕಾಲಂ_ಹಿಡಿದವ
ಅದಕ್ಕೂ ಮುಂಚೆ ಎಂಡೋಟಾಕ್ಸಿನ್ ಅಳೀರಿ. ಅಂಗಳದಲ್ಲಿ ಒಣಗಿಸಿದ ಕಾಯಿಯ ಸಾರದಲ್ಲಿ ಬ್ಯಾಕ್ಟೀರಿಯಾದ ಎಲ್‌ಪಿಎಸ್ (ಇದೇ ಎಂಡೋಟಾಕ್ಸಿನ್, ಬ್ಯಾಕ್ಟೀರಿಯಾದ ಹೊರಪೊರೆಯ ಅಂಶ) ಇದ್ದೇ ಇರುತ್ತೆ, ಅದೇ ಒಂದು ಗಟ್ಟಿ ಅಡ್ಜುವೆಂಟ್. ಸಪೋನಿನ್ ಎಂಡೋಟಾಕ್ಸಿನ್ ಅಳೆಯುವ ಎಲ್‌ಎಎಲ್ ಪರೀಕ್ಷೆಯನ್ನೂ ಕೆಡಿಸಬಹುದು. ಹಾಗಾಗಿ ಸ್ಯಾಂಪಲ್‌ಗೆ ಗೊತ್ತಿರುವಷ್ಟು ಎಲ್‌ಪಿಎಸ್ ಬೆರೆಸಿ ಅದು ವಾಪಸ್ ಕಾಣುತ್ತಾ ನೋಡಿ. ಕಾಣದಿದ್ದರೆ ಇನ್ನಷ್ಟು ತೆಳು ಮಾಡಿ ಮತ್ತೆ ಓಡಿಸಿ.