‘ಕ್ರಿಮಿನಾಶಕ ನೀರು’ ಕುಡಿಯಬಹುದೇ? ಯುವಿ ಯಂತ್ರದ ಕೈಪಿಡಿಯ ಒಂದು ವಾಕ್ಯದ ಬಗ್ಗೆ

ಪದಗಳ ನಂಟಿರುವ ಗೆಳೆಯರಿಗೆ ನಮಸ್ಕಾರ.

ನಮ್ಮದು ಶಿರಸಿ ಕಡೆಯ ಹಳ್ಳಿ. ಗುಡ್ಡದ ಅಬ್ಬಿ ನೀರು ಹಿಂದೆ ಅಡಿಕೆ ದಬ್ಬೆಯಲ್ಲಿ ಹರಿದು ಅಂಗಳಕ್ಕೆ ಬರುತ್ತಿತ್ತು, ಈಗ ಕಪ್ಪು ಪೈಪಿನಲ್ಲಿ ಬರುತ್ತದೆ. ಪೈಪು ಬದಲಾಯಿತೇ ಹೊರತು ನೀರು ಬದಲಾಗಲಿಲ್ಲ. ಆಷಾಢದ ಮಳೆಗೆ ಅದು ಈಗಲೂ ಬಗ್ಗಡವೇ. ಪಕ್ಕದ ಮನೆಯವರು ಈ ಮಳೆಗಾಲಕ್ಕೆ ಮುಂಚೆ ಯುವಿ (ಅಲ್ಟ್ರಾವಯೊಲೆಟ್) ದೀಪವಿರುವ ನೀರಿನ ಯಂತ್ರವೊಂದನ್ನು ತಂದು ಗೋಡೆಗೆ ತೂಗುಹಾಕಿಸಿದರು. ಅದರ ಜೊತೆ ಬಂದ ಕನ್ನಡ ಕೈಪಿಡಿಯನ್ನು ಹಿಡಿದುಕೊಂಡು ಮನೆಯೊಡತಿ ನಮ್ಮ ಜಗಲಿಗೆ ಬಂದರು. ಕೈಪಿಡಿಯ ಮೊದಲ ವಾಕ್ಯ ಹೀಗಿತ್ತು: ‘ಈ ಸಾಧನವು ಅತಿ ನೇರಳೆ ಬೆಳಕಿನ ವಿಕಿರಣದಿಂದ ಶುದ್ಧೀಕರಿಸಿ ಕ್ರಿಮಿನಾಶಕ ನೀರನ್ನು ನೀಡುತ್ತದೆ.’

ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಇದನ್ನು ಕುಡಿಯುವುದೋ, ತೋಟಕ್ಕೆ ಹೊಡೆಯುವುದೋ?’

ನಗು ಬಂದರೂ ಪ್ರಶ್ನೆ ಸರಿಯಾಗಿತ್ತು. ಕೃಷಿಕರ ಮನೆಯಲ್ಲಿ ಕ್ರಿಮಿನಾಶಕ ಎಂದರೆ ಕೊಟ್ಟಿಗೆಯ ಮೂಲೆಯಲ್ಲಿ ಮಕ್ಕಳ ಕೈಗೆ ಸಿಗದಂತೆ ಇಡುವ ಡಬ್ಬಿ. ವ್ಯಾಕರಣದ ಲೆಕ್ಕದಲ್ಲಿಯೂ ‘ಕ್ರಿಮಿನಾಶಕ ನೀರು’ ಎಂದರೆ ಕ್ರಿಮಿಗಳನ್ನು ಕೊಲ್ಲುವ ನೀರು. ಕ್ರಿಮಿಗಳನ್ನು ಕಳೆದುಕೊಂಡ ನೀರಲ್ಲ. ‘ಕ್ರಿಮಿನಾಶಕ ದೀಪ’ ಎಂದಿದ್ದರೆ ಅಷ್ಟರ ಮಟ್ಟಿಗೆ ಒಪ್ಪಬಹುದಿತ್ತು. ಆ ಸಂಜೆಯಿಂದ ಈ ಒಂದು ವಾಕ್ಯವನ್ನು ಬಿಚ್ಚುತ್ತ ಕುಳಿತಿದ್ದೇನೆ. ಕೈಪಿಡಿಯನ್ನು ತಿದ್ದಿ ಬರೆದುಕೊಡುತ್ತೇನೆ ಎಂದು ಅವರಿಗೆ ಮಾತು ಬೇರೆ ಕೊಟ್ಟಿದ್ದೇನೆ, ಆದ್ದರಿಂದ ನಿಮ್ಮ ನೆರವು ಬೇಕು.

ಮೊದಲು ‘ಅತಿ ನೇರಳೆ’. ಶಾಲೆಯ ಪಠ್ಯಗಳಲ್ಲಿ ನಾವು ಓದಿದ್ದು ನೇರಳಾತೀತ. ಪತ್ರಿಕೆಗಳಲ್ಲಿ ಎರಡೂ ಕಾಣುತ್ತವೆ. ಸಂಸ್ಕೃತದ ‘ಅತಿ’ಗೆ ಮೀರಿದ ಎಂಬ ಅರ್ಥ ಇದೆ, ಅತೀಂದ್ರಿಯದಲ್ಲಿ ಇರುವುದು ಅದೇ. ಆದರೆ ಕನ್ನಡದ ಕಿವಿಗೆ ಅತಿವೃಷ್ಟಿ, ಅತಿಯಾಸೆಗಳ ‘ಅತಿ’ಯೇ ಮೊದಲು ಕೇಳಿಸುತ್ತದೆ. ಹಾಗಾಗಿ ಅತಿನೇರಳೆ ಎಂದರೆ ಕಡು ನೇರಳೆ ಎಂದುಕೊಳ್ಳುವವರೇ ಹೆಚ್ಚು. ಕೈಪಿಡಿಯವರು ನಡುವೆ ಜಾಗ ಬಿಟ್ಟು ಒಡೆದು ಬರೆದು ಆ ತಪ್ಪನ್ನು ಪೂರ್ತಿ ಮಾಡಿದ್ದಾರೆ. ನೇರಳಾತೀತಕ್ಕೆ ಅರ್ಥದ ತೊಡಕಿಲ್ಲ, ನೇರಳೆಯನ್ನು ದಾಟಿದ್ದು. ಅದರ ತೊಡಕು ಸಂಧಿಯದು. ನೇರಳೆ ಅಚ್ಚಗನ್ನಡ ಪದ, ಅತೀತ ಸಂಸ್ಕೃತದ್ದು; ಎರಡನ್ನೂ ಕೂಡಿಸಿ ಸವರ್ಣದೀರ್ಘ ಮಾಡಿದ್ದು ಯಾವ ಸೂತ್ರದಿಂದ? ಎಕಾರದ ಮುಂದೆ ಅಕಾರ ಬಂದರೆ ನಮ್ಮಲ್ಲಿ ಲೋಪವಾಗಿ ನೇರಳತೀತ ಆಗಬೇಕು, ಇಲ್ಲವೇ ಯಕಾರ ಬಂದು ನೇರಳೆಯತೀತ ಆಗಬೇಕು. ಅರಿಸಮಾಸ ಎಂದು ಮೂಗು ಮುರಿಯುವ ಕಾಲ ಮುಗಿಯಿತು ಎನ್ನುವುದಾದರೆ ನನ್ನ ತಕರಾರಿಲ್ಲ, ರೂಢಿ ದೊಡ್ಡದು. ಆದರೂ ಕೇಳಿಬಿಡುತ್ತೇನೆ: ತಮಿಳರು ಇದನ್ನು ‘ಪುಱ ಊದಾ’ ಎನ್ನುತ್ತಾರೆ. ಅವರ ‘ಪುಱ’ವೇ ನಮ್ಮ ‘ಹೊರ’. ನಾವು ‘ಹೊರನೇರಳೆ’ ಎಂದಿದ್ದರೆ ಏನು ಕೆಡುತ್ತಿತ್ತು?

ಒಂದು ಅಡ್ಡಮಾತು. ಬಣ್ಣಕ್ಕೆ ಇಂಗ್ಲಿಷರು ಹೂವಿನ ಹೆಸರಿಟ್ಟರು, ಹಿಂದಿಯವರು ಬದನೆಕಾಯಿಯ ಹೆಸರಿಟ್ಟು ಪರಾಬೈಂಗನೀ ಎಂದರು, ನಾವು ಹಣ್ಣಿನ ಹೆಸರಿಟ್ಟೆವು. ತೆಲುಗರು ಅತಿನೀಲಲೋಹಿತ ಎಂದು ನೇರವಾಗಿ ಶಿವನ ಹೆಸರಿಗೇ ಕೈ ಹಾಕಿದರು. ನೇರಳೆ ಹಣ್ಣು ತಿಂದವನ ನಾಲಗೆ ಒಂದು ಗಂಟೆ ಸಾಕ್ಷಿ ಹೇಳುತ್ತದೆ. ಈ ಕಿರಣವೋ, ಹಾದುಹೋದ ಮೇಲೆ ನೀರಿನಲ್ಲಿ ಏನೂ ಗುರುತು ಉಳಿಸುವುದಿಲ್ಲ. ಇದು ಬರಿಯ ಚಮತ್ಕಾರದ ಮಾತಲ್ಲ, ಮುಂದೆ ಬೇಕಾಗುತ್ತದೆ.

‘ಬೆಳಕಿನ ವಿಕಿರಣ’ ಎಂಬ ಜೋಡಿಯಲ್ಲಿ ಎರಡೂ ಪದಗಳು ದಾರಿ ತಪ್ಪಿಸುತ್ತವೆ. ಬೆಳಕು ಎಂದರೆ ಕಾಣುವಂಥದ್ದು, ಕಾಣಿಸುವಂಥದ್ದು. ಮನೆಯ ಯಂತ್ರಗಳಲ್ಲಿ ಸಾಮಾನ್ಯವಾಗಿರುವ ಪಾದರಸದ ದೀಪ ಹೊಮ್ಮಿಸುವ ಕಿರಣ ಹೆಚ್ಚುಕಡಿಮೆ 254 ನ್ಯಾನೊಮೀಟರಿನದು. ಕಣ್ಣಿಗೆ ಕಾಣುವುದು ಸುಮಾರು 400ರಿಂದ ಮೇಲಿನದು ಮಾತ್ರ. ದೀಪ ತಿಳಿನೀಲಿಯಾಗಿ ಹೊಳೆಯುವುದು ಜೊತೆಯಲ್ಲಿ ಬರುವ ಬೇರೆ ಬೆಳಕಿನಿಂದ. ಕೆಲಸ ಮಾಡುವುದು ಕಾಣದ ಭಾಗ, ಕಾಣುವುದು ಕೆಲಸ ಮಾಡದ ಭಾಗ. ಇದರಿಂದ ಆಗುವ ಎಡವಟ್ಟು ಸಣ್ಣದಲ್ಲ. ಇಂಥ ದೀಪಗಳನ್ನು ಸುಮಾರು 9000 ಗಂಟೆ ಉರಿದ ಮೇಲೆ, ಎಂದರೆ ಬಿಡದೆ ಉರಿದರೆ ವರ್ಷಕ್ಕೊಮ್ಮೆ, ಬದಲಿಸಬೇಕು. ಆಗಲೂ ಅದು ನೀಲಿಯಾಗಿ ಉರಿಯುತ್ತಲೇ ಇರುತ್ತದೆ, ಹೊರನೇರಳೆಯ ಕಸುವು ಮಾತ್ರ ಇಳಿದಿರುತ್ತದೆ. ಕೈಪಿಡಿಯಲ್ಲಿ ‘ದೀಪ ಉರಿಯುವ ಅವಧಿ ಒಂದು ವರ್ಷ’ ಎಂದಿದೆ. ಓದಿದವರು ಆರುವವರೆಗೆ ಕಾಯುತ್ತಾರೆ, ಮತ್ತೇನು? ‘ದೀಪದ ಕಸುವು ಒಂದು ವರ್ಷ’ ಎಂದು ತಿದ್ದಿದ್ದೇನೆ. ಇದಕ್ಕಿಂತ ಒಳ್ಳೆಯದು ನಿಮಗೆ ಹೊಳೆದರೆ ತಿಳಿಸಿ.

ವಿಕಿರಣದ ಕತೆ ಬೇರೆ. ವಿಜ್ಞಾನದ ಕನ್ನಡದಲ್ಲಿ ಒಲೆಯ ಬಿಸಿಯೂ ವಿಕಿರಣವೇ. ಆದರೆ ಜಿಲ್ಲೆಯಲ್ಲಿ ಕೈಗಾ ಅಣು ವಿದ್ಯುತ್ ಸ್ಥಾವರವಿರುವ ನಮಗೆ ಆ ಪದ ತಣ್ಣಗೆ ಕೇಳಿಸುವುದಿಲ್ಲ. ‘ನೀರಿನಲ್ಲಿ ವಿಕಿರಣ ಉಳಿಯುತ್ತದೆಯೇ’ ಎಂದು ಅವರ ಮಗ ಕೇಳಿದ. ಉಳಿಯುವುದಿಲ್ಲ, ದೀಪ ಆರಿದರೆ ಕೋಣೆಯಲ್ಲಿ ಬೆಳಕು ಹೇಗೆ ಉಳಿಯುವುದಿಲ್ಲವೋ ಹಾಗೆ. ‘ಕಿರಣ’ ಎಂದರೆ ಸಾಕು, ‘ವಿ’ ಎಂಬ ಉಪಸರ್ಗದ ಭಾರ ಇಲ್ಲಿ ಬೇಡ ಎಂಬುದು ನನ್ನ ಮತ.

ಇನ್ನು ‘ಶುದ್ಧೀಕರಿಸಿ’. ನನ್ನ ಸಿಟ್ಟೆಲ್ಲ ಇದರ ಮೇಲೆ. ಜೂನ್ ಕೊನೆಯಲ್ಲಿ ಅಬ್ಬಿ ಕೆಂಪಾಯಿತು. ಯಂತ್ರದ ಜರಡಿ ಎರಡೇ ದಿನಕ್ಕೆ ಕಟ್ಟಿಕೊಂಡಿತು, ಅದನ್ನು ತೊಳೆದರೂ ನುಣ್ಣನೆಯ ಮಣ್ಣು ದಾಟಿ ಬಂದು ಲೋಟದಲ್ಲಿ ನೀರು ಮಾಸಲಾಗಿಯೇ ಇತ್ತು. ಶುದ್ಧ ಮಾಡುತ್ತದೆ ಎಂದು ಬರೆದಿದೆಯಲ್ಲ ಎಂದು ಅವರು ಕುಡಿಯುತ್ತಲೇ ಹೋದರು. ಹೊಟ್ಟೆ ಕೆಟ್ಟು ಇಬ್ಬರು ಮಲಗಿದರು. ನೀರೇ ಕಾರಣ ಎಂದು ನಾನು ಆಣೆ ಮಾಡಿ ಹೇಳಲಾರೆ, ಆದರೆ ಬಗ್ಗಡ ನೀರಿನಲ್ಲಿ ಈ ಕಿರಣ ಸೋಲುವುದು ನಿಜ. ಮಣ್ಣಿನ ಕಣ ಕಿರಣವನ್ನು ಹೀರುತ್ತದೆ, ಚದುರಿಸುತ್ತದೆ. ಅದರ ನೆರಳಿನಲ್ಲಿ ರೋಗಾಣು ಬೆಚ್ಚಗೆ ದಾಟಿಹೋಗುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಕದಡಿಗೆ ಹಾಕಿರುವ ಮಿತಿ 1 ಎನ್‌ಟಿಯು (ಕದಡನ್ನು ಅಳೆಯುವ ಮಾನ), ಬೇರೆ ನೀರಿಲ್ಲದಿದ್ದರೆ 5. ಯುವಿಗೂ ಅಷ್ಟು ತಿಳಿಯಾದ ನೀರೇ ಬೇಕು. ಇನ್ನು ಕರಗಿದ ಉಪ್ಪು, ಗಡಸು, ಫ್ಲೋರೈಡು, ಆರ್ಸೆನಿಕ್ಕು ಇವುಗಳ ತಂಟೆಗೆ ಕಿರಣ ಹೋಗುವುದೇ ಇಲ್ಲ. ಪಾವಗಡದ ಕೊಳವೆಬಾವಿಯ ನೀರಿಗೆ ಬರಿಯ ಈ ದೀಪ ಹಿಡಿದರೆ ಫ್ಲೋರೈಡು ಇದ್ದಷ್ಟೇ ಇರುತ್ತದೆ. ಕೊಳೆ ತೆಗೆಯದ, ಉಪ್ಪು ತೆಗೆಯದ, ಬಣ್ಣ ತೆಗೆಯದ ಕೆಲಸವನ್ನು ಶುದ್ಧಿ ಎನ್ನುವುದು ಹೇಗೆ?

ಹಾಗಾದರೆ ಅದು ಮಾಡುವುದೇನು? ಬ್ಯಾಕ್ಟೀರಿಯಾ, ವೈರಸ್ಸುಗಳ ಒಳಗಿನ ಡಿಎನ್‌ಎ ಅಥವಾ ಆರ್‌ಎನ್‌ಎ ಈ ಕಿರಣವನ್ನು ಹೀರಿಕೊಳ್ಳುತ್ತದೆ. ಡಿಎನ್‌ಎ ಎಳೆಯಲ್ಲಿ ಅಕ್ಕಪಕ್ಕ ಕುಳಿತ ಥೈಮಿನ್ ಎಂಬ ಎರಡು ಅಕ್ಷರಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಕ್ಷರ ಅಂಟಿದ ಓಲೆಯಿಂದ ಪ್ರತಿ ತೆಗೆಯಲಾಗದಂತೆ ಆ ಜೀವಿ ಮರಿ ಹಾಕಲಾರದು. ಸತ್ತೇ ಹೋಯಿತೆಂದಲ್ಲ, ಅದರ ವಂಶ ನಿಂತಿತು. ಹೊಟ್ಟೆಗೆ ಹೋದರೂ ಹೆಚ್ಚಲಾರದ್ದು ರೋಗ ತರಲಾರದು. ಹೀಗಿರುವಾಗ ‘ನಾಶ’, ‘ನಿರ್ಜಂತು’ ಎಂಬ ಮಾತುಗಳು ಒಂದು ಕೈ ಹೆಚ್ಚೇ ಆಯಿತು. ‘ನಿಷ್ಕ್ರಿಯ’ ಎಂಬುದು ತಾಂತ್ರಿಕವಾಗಿ ಸರಿ, ಆದರೆ ಸರ್ಕಾರಿ ಕಡತದಂತೆ ಕೇಳಿಸುತ್ತದೆ. ನಮ್ಮ ರೈತರ ಬಾಯಲ್ಲಿ ಜೊಳ್ಳು ಎಂಬ ಪದವಿದೆ. ಮೇಲೆ ಭತ್ತದಂತೆಯೇ ಕಾಣುತ್ತದೆ, ಬಿತ್ತಿದರೆ ಮೊಳೆಯುವುದಿಲ್ಲ. ‘ಕಿರಣವು ರೋಗಾಣುಗಳನ್ನು ಜೊಳ್ಳಾಗಿಸುತ್ತದೆ’ ಎಂದು ಬರೆದರೆ ನಗುತ್ತೀರೋ? ಜೊಳ್ಳಿನ ಒಳಗೆ ಅಕ್ಕಿಯೇ ಇಲ್ಲ, ಇಲ್ಲಿ ಅಕ್ಕಿ ಇದೆ ಆದರೆ ಮೊಳಕೆ ಕೆಟ್ಟಿದೆ ಎಂದು ಯಾರಾದರೂ ಆಕ್ಷೇಪಿಸಿದರೆ ಅದನ್ನೂ ಒಪ್ಪುತ್ತೇನೆ. ‘ಮೊಳಕೆ ಕೆಡಿಸು’ ಎಂಬುದೇ ಮೇಲೇನೋ.

‘ಸೋಂಕು ನಿವಾರಣೆ’ಯನ್ನು ಮರೆತಿಲ್ಲ. ಕೋವಿಡ್ ಕಾಲದಲ್ಲಿ ಆ ಪದ ಮನೆಮನೆಗೆ ಬಂತು. ಸೋಂಕು ಎಂದರೆ ಮೂಲದಲ್ಲಿ ತಾಗುವುದು, ಮುಟ್ಟುವುದು. ಬಾಗಿಲ ಹಿಡಿಕೆಗೆ, ಕೈಗೆ ಅದು ಚೆನ್ನಾಗಿ ಹೊಂದುತ್ತದೆ. ನೀರಿಗೂ ಹೊಂದುತ್ತದೆಯೇ? ಹೊಂದುತ್ತದೆ ಎನ್ನುವವರ ಕಡೆಗೇ ಕೊನೆಗೆ ವಾಲುತ್ತೇನೆ, ಆದರೆ ‘ನಿವಾರಣೆ’ಯ ಬಗ್ಗೆ ಅನುಮಾನ ಉಳಿದಿದೆ. ಕ್ಲೋರಿನ್ ಹಾಕಿದ ನೀರಿನಲ್ಲಿ ಅದರ ಒಂದಂಶ ಉಳಿದು ಮುಂದೆ ಬೀಳುವ ರೋಗಾಣುವನ್ನೂ ನೋಡಿಕೊಳ್ಳುತ್ತದೆ. ಯುವಿಯಲ್ಲಿ ಉಳಿಕೆ ಇಲ್ಲ. ದೀಪ ದಾಟಿದ ನೀರಿಗೆ ಮುಚ್ಚಳವಿಲ್ಲದ ಕೊಡ, ತೊಳೆಯದ ಕೈ ಸಿಕ್ಕರೆ ಮತ್ತೆ ಮೊದಲಿನ ಪಾಡು. ಅಷ್ಟೇ ಅಲ್ಲ, ಕೆಲವು ಬ್ಯಾಕ್ಟೀರಿಯಾಗಳು ಸಾಮಾನ್ಯ ಬೆಳಕು ಬಿದ್ದರೆ ಅಂಟಿದ ಅಕ್ಷರಗಳನ್ನು ಬಿಡಿಸಿಕೊಳ್ಳಬಲ್ಲವು. ನಿವಾರಣೆಯಾಯಿತು ಎಂದು ಕೊಡವನ್ನು ಮೂರು ದಿನ ತೆರೆದಿಟ್ಟರೆ ಪದಕ್ಕೆ ನಂಬಿ ಕೆಟ್ಟಂತೆ.

ಡೋಸ್ ಎಂಬುದಕ್ಕೆ ಕೈಪಿಡಿಯಲ್ಲಿ ‘ಮಾತ್ರೆ’ ಎಂದಿದೆ: ‘ನೀರಿಗೆ 40 ಮಿಲಿಜೂಲ್ ಮಾತ್ರೆ ದೊರೆಯುತ್ತದೆ.’ ಚದರ ಸೆಂಟಿಮೀಟರಿಗೆ ಎಂಬುದನ್ನು ನುಂಗಿದ್ದಾರೆ. ಕ್ಲೋರಿನ್ ಮಾತ್ರೆ ಕಂಡವರು ಡಬ್ಬಿಯಲ್ಲಿ ಮಾತ್ರೆ ಹುಡುಕುವುದಿಲ್ಲವೇ! ನನಗೆ ‘ಊಡು’ ಎಂಬ ಕ್ರಿಯಾಪದ ಹೊಳೆಯಿತು, ಬಣ್ಣ ಊಡುವುದು, ಹಾಲು ಊಡುವುದು. ‘ಊಡಿಕೆ’ ಎಂದರೆ ಡೋಸ್. ಬರೆದು ನೋಡಿ ನಾನೇ ಹೊಡೆದುಹಾಕಿದೆ. ಊಡಿದ್ದು ಒಳಗೆ ಉಳಿಯುತ್ತದೆ, ಇದು ಉಳಿಯುವುದಿಲ್ಲ. ದೀಪದ ಸುತ್ತಣ ಕ್ವಾರ್ಟ್ಜ್ ಕೊಳವೆಗೆ ‘ಸ್ಫಟಿಕದ ತೋಳು’ ಎಂದಿದ್ದಾರೆ, ಅಂಗಿಯ ತೋಳಿನ ಹಾಗೆ. ಕತ್ತಿಗೆ ಒರೆ ಇದ್ದಂತೆ ದೀಪಕ್ಕೆ ‘ಒರೆ’ ಎಂದು ಬದಲಿಸಿದ್ದೇನೆ. ಮಾಮೂಲಿ ಗಾಜು ಈ ಕಿರಣವನ್ನು ಬಿಡುವುದಿಲ್ಲ, ಆದ್ದರಿಂದ ‘ಗಾಜಿನ ಒರೆ’ ಎನ್ನುವಂತಿಲ್ಲ.

ಇಷ್ಟೆಲ್ಲ ಆದ ಮೇಲೆ ನನಗೆ ತೋರಿದ್ದು ಇದು. ನೀರಿಗೆ ಮನೆಗಳಲ್ಲಿ ಇಟ್ಟ ಹೆಸರುಗಳು ಫಲವನ್ನು ಹೇಳುವುದಿಲ್ಲ, ಮಾಡಿದ್ದನ್ನು ಹೇಳುತ್ತವೆ: ಸೋಸಿದ ನೀರು, ಕಾಯಿಸಿ ಆರಿಸಿದ ನೀರು, ಚಿಲ್ಲದ ಬೀಜ ತೇದು ತಿಳಿಗೊಳಿಸಿದ ನೀರು. ‘ಕಾಯಿಸಿದ ನೀರು’ ಎಂದಾಗ ಯಾರೂ ಅದರಲ್ಲಿ ಉಪ್ಪು ಹೋಗಿದೆ ಎಂದು ತಿಳಿಯುವುದಿಲ್ಲ. ತಿಳಿ ನೀರನ್ನು ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ 6 ಗಂಟೆ, ಮೋಡವಿದ್ದರೆ ಎರಡು ದಿನ, ಬಿಸಿಲಿಗಿಡುವ ಪದ್ಧತಿಗೆ ‘ಬಿಸಿಲಿಗಿಟ್ಟ ನೀರು’ ಎಂದರೆ ಮುಗಿಯಿತು. ಅದೇ ಜಾಡಿನಲ್ಲಿ ಇದು ‘ಕಿರಣ ಹಾಯಿಸಿದ ನೀರು’. ವಿಚಿತ್ರವೆಂದರೆ, 1801ರಲ್ಲಿ ಜರ್ಮನಿಯ ಯೇನಾದಲ್ಲಿ ಯೋಹಾನ್ ರಿಟ್ಟರ್ ನೇರಳೆಯ ಅಂಚಿನಾಚೆ ಬೆಳ್ಳಿಯ ಕ್ಲೋರೈಡು ಬೇಗ ಕಪ್ಪಾಗುವುದನ್ನು ಕಂಡಾಗ ಕೊಟ್ಟ ಹೆಸರೂ ಇಂಥದ್ದೇ. ಆಮ್ಲಜನಕ ಕಳೆಯುವ ಕಿರಣ ಎಂದು ಅದರ ಕೆಲಸದ ಮೇಲೆ ಹೆಸರಿಟ್ಟ. ಆಮೇಲೆ ರಾಸಾಯನಿಕ ಕಿರಣ ಎಂಬ ಹೆಸರು ಬಹುಕಾಲ ನಡೆಯಿತು. ಕೊನೆಗೆ ಗೆದ್ದದ್ದು ಅದು ಇರುವ ಜಾಗವನ್ನು ಹೇಳುವ ಹೆಸರು.

ತಿದ್ದಿದ ವಾಕ್ಯ ಈಗ ಹೀಗಿದೆ: ‘ಈ ಯಂತ್ರ ತಿಳಿನೀರಿಗೆ ನೇರಳಾತೀತ ಕಿರಣ ಹಾಯಿಸಿ ರೋಗಾಣುಗಳ ಮೊಳಕೆ ಕೆಡಿಸುತ್ತದೆ, ನೀರು ಬಗ್ಗಡವಾಗಿದ್ದರೆ ಮೊದಲು ತಿಳಿಯಾಗಲು ಬಿಟ್ಟು ಸೋಸಿ.’ ನೇರಳಾತೀತವನ್ನು ಅಳುಕಿನಿಂದಲೇ ಉಳಿಸಿಕೊಂಡೆ, ಏಕೆಂದರೆ ಅವರ ಮಗನ ಪಠ್ಯಪುಸ್ತಕದಲ್ಲಿ ಅದೇ ಇದೆ.

‘ಹಾಯಿಸು’ ಸರಿಯೇ, ‘ತಾಗಿಸು’ ಮೇಲೇ? ಹಾಯಿಸು ಎಂದರೆ ನಮ್ಮಲ್ಲಿ ತೋಟಕ್ಕೆ ನೀರು ಹಾಯಿಸುವುದು. ನೀರಿಗೇ ಕಿರಣ ಹಾಯಿಸುವುದು ಬೇರೆ ಸೀಮೆಯವರ ಕಿವಿಗೆ ಹೇಗೆ ಕೇಳಿಸುತ್ತದೆ? ಬಯಲುಸೀಮೆಯವರು, ಕರಾವಳಿಯವರು ಬಗ್ಗಡಕ್ಕೆ ಬಳಸುವ ಮಾತುಗಳನ್ನೂ ಬರೆಯಿರಿ, ರಾಡಿ ಮತ್ತು ಕದಡಿನ ಹೊರತು. ಮನೆಯೊಡತಿಗೆ ಮಾತ್ರ ಈ ಚರ್ಚೆ ಯಾವುದೂ ಬೇಕಿಲ್ಲ. ಯಂತ್ರಕ್ಕೆ ಅವರು ಮೊದಲ ದಿನವೇ ‘ಫಿಲ್ಟರ್’ ಎಂದು ಹೆಸರಿಟ್ಟು, ಮಳೆಗಾಲ ಮುಗಿಯುವವರೆಗೆ ಅದನ್ನು ನಿಲ್ಲಿಸಿ ಹಂಡೆಯಲ್ಲಿ ನೀರು ಕಾಯಿಸುತ್ತಿದ್ದಾರೆ.